ಚಾರ್ಟಿಗೆ ದುಡ್ಡು ಕಟ್ಟುವ ಮೊದಲು ಕ್ಯಾಂಡಲ್ ಎಣಿಸಿ

9 ನವೆಂಬರ್ 2025, ಭಾನುವಾರ

ಷೇರು ಮಾರುಕಟ್ಟೆಗೆ ರಜೆ. ಚಾರ್ಟ್ ತಂತ್ರಾಂಶವನ್ನು ಒರೆಗೆ ಹಚ್ಚಲು ಇದೇ ಸರಿಯಾದ ದಿನ. ವಹಿವಾಟು ನಡೆಯುವಾಗ ಕಣ್ಣು ಓಡುವ ಕ್ಯಾಂಡಲ್ (ಒಂದು ಅವಧಿಯ ಆರಂಭ, ಗರಿಷ್ಠ, ಕನಿಷ್ಠ, ಮುಕ್ತಾಯ ಬೆಲೆ ತೋರಿಸುವ ಕಂಬ) ಹಿಂದೆಯೇ ಹೋಗುತ್ತದೆ, ತಪ್ಪು ಕಾಣುವುದಿಲ್ಲ. ಭಾನುವಾರ ಎಲ್ಲ ಅಂಕಿಗಳೂ ನಿಂತಿರುತ್ತವೆ. ಶುಕ್ರವಾರದ ದತ್ತಾಂಶ ಎಲ್ಲ ಕಡೆಯೂ ಒಂದೇ ಇರಬೇಕು, ಎನ್‌ಎಸ್‌ಇ (ರಾಷ್ಟ್ರೀಯ ಷೇರು ವಿನಿಮಯ ಕೇಂದ್ರ) ತಾಣದಲ್ಲಿ ಉಚಿತವಾಗಿ ಸಿಗುವ ಭಾವ್‌ಕಾಪಿಗೂ, ಅಂದರೆ ದಿನದ ಅಧಿಕೃತ ಬೆಲೆಪಟ್ಟಿಗೂ, ತಾಳೆಯಾಗಬೇಕು. ಆಗದಿದ್ದರೆ ಯಾಕೆ ಆಗಲಿಲ್ಲ ಅಂತ ಹುಡುಕುವುದೇ ಇವತ್ತಿನ ಕೆಲಸ.

ಮೊದಲು ಬೆಲೆಯ ಮಾತು. ನಿಫ್ಟಿ ಸೂಚ್ಯಂಕದ ಫ್ಯೂಚರ್ಸ್‌ನಲ್ಲಿ (ಮುಂದಿನ ದಿನಾಂಕಕ್ಕೆ ಮಾಡುವ ಕೊಳ್ಳು-ಮಾರು ಒಪ್ಪಂದ) ಲಾಟ್, ಅಂದರೆ ಕನಿಷ್ಠ ವಹಿವಾಟಿನ ಗಾತ್ರ, 2025ರ ನವೆಂಬರ್‌ನಲ್ಲಿ 75 ಇತ್ತು, ಅಂದರೆ ಒಂದು ಅಂಕಕ್ಕೆ 75 ರೂಪಾಯಿ. ಇಲ್ಲಿನ ಲೆಕ್ಕವೆಲ್ಲ ಆಗಿನದು. ತಿಂಗಳಿಗೆ 600 ರೂಪಾಯಿಯ ತಂತ್ರಾಂಶ ಅಂದರೆ 8 ಅಂಕ. ಸೂಚ್ಯಂಕ ಆಗ 25,500ರ ಆಸುಪಾಸಿನಲ್ಲಿತ್ತು, ಒಂದು ಲಾಟಿನ ಮೌಲ್ಯ 19 ಲಕ್ಷ ದಾಟುತ್ತಿತ್ತು. ಒಂದು ಸಲ ಮಾರಿದರೆ ಆಗಿನ ಶೇ 0.02ರ ದರದಂತೆ ಎಸ್‌ಟಿಟಿಯೇ (ಷೇರು ವಹಿವಾಟು ತೆರಿಗೆ) 382 ರೂಪಾಯಿ ಚಿಲ್ಲರೆ ಆಗುತ್ತಿತ್ತು. ಹಾಗಾಗಿ ಎರಡು ತಂತ್ರಾಂಶಗಳ ನಡುವಿನ ಇನ್ನೂರು ರೂಪಾಯಿ ವ್ಯತ್ಯಾಸಕ್ಕೆ ತಲೆಕೆಡಿಸಿಕೊಳ್ಳುವುದು ಬೇಡ. ತಪ್ಪು ಕ್ಯಾಂಡಲ್ ನೋಡಿ ಸ್ಟಾಪ್‌ಲಾಸ್ (ನಷ್ಟ ತಡೆಯಲು ಮೊದಲೇ ಗುರುತು ಹಾಕುವ ಬೆಲೆ) 20 ಅಂಕ ಅತ್ತಿತ್ತ ಇಟ್ಟರೆ ಅದರ ಬೆಲೆ 1,500 ರೂಪಾಯಿ. ಅಗ್ಗದ ತಂತ್ರಾಂಶದಲ್ಲಿ 100 ಇಂಡಿಕೇಟರ್ (ಬೆಲೆಯಿಂದ ಲೆಕ್ಕ ಹಾಕಿ ಎಳೆಯುವ ಗೆರೆ) ಇದೆಯೋ 300 ಇದೆಯೋ ಅನ್ನುವುದಕ್ಕಿಂತ ಅದರ ದತ್ತಾಂಶ ಸರಿಯಿದೆಯೋ ಇಲ್ಲವೋ ಅನ್ನುವುದೇ ಮುಖ್ಯ.

ಎಣಿಕೆಯಿಂದ ಶುರು ಮಾಡಿ. ಎನ್‌ಎಸ್‌ಇ ದಿನ ಬೆಳಿಗ್ಗೆ 9:15ರಿಂದ ಮಧ್ಯಾಹ್ನ 3:30ರವರೆಗೆ, ಒಟ್ಟು 375 ನಿಮಿಷ. 5 ನಿಮಿಷದ ಚಾರ್ಟಿನಲ್ಲಿ ಸರಿಯಾಗಿ 75 ಕ್ಯಾಂಡಲ್, 15 ನಿಮಿಷದ್ದರಲ್ಲಿ 25. ಶುಕ್ರವಾರ 76 ಕಂಡರೆ ಪ್ರೀ-ಓಪನ್ ಹರಾಜಿನ (ಮಾರುಕಟ್ಟೆ ತೆರೆಯುವ ಮುನ್ನ ಆರಂಭದ ಬೆಲೆ ಗೊತ್ತುಮಾಡುವ) ವಹಿವಾಟು 9:15ಕ್ಕೆ ಮೊದಲೇ ಒಂದು ಕ್ಯಾಂಡಲ್ ಆಗಿ ಕೂತಿದೆ, ಇಲ್ಲವೇ 3:30ರ ನಂತರದ್ದೊಂದು ಬಾಲ ಅಂಟಿಕೊಂಡಿದೆ. 74 ಇದ್ದರೆ ನಡುವೆ ಎಲ್ಲೋ ಫೀಡ್ (ಬೆಲೆಯ ದತ್ತಾಂಶ ಹರಿದು ಬರುವ ಸಂಪರ್ಕ) ಕಡಿದಿದೆ. ಈ ಎಣಿಕೆಯನ್ನು ರಿಲಯನ್ಸ್ ಅಥವಾ ನಿಫ್ಟಿ ಫ್ಯೂಚರ್ಸ್ ಮೇಲೆ ಮಾಡಬೇಕು. ಸಣ್ಣ ಷೇರುಗಳಲ್ಲಿ ಕೆಲವು ನಿಮಿಷ ವಹಿವಾಟೇ ನಡೆಯದೆ ಕ್ಯಾಂಡಲ್ ಕಡಿಮೆ ಬರುವುದು ಸಹಜ, ಅದು ತಂತ್ರಾಂಶದ ತಪ್ಪಲ್ಲ.

ಒಂದು ಗಂಟೆಯ ಚಾರ್ಟಿನಲ್ಲಿ ಮಾತ್ರ ಎಣಿಕೆ ಮೋಸ ಮಾಡುತ್ತದೆ. 9:15ರಿಂದ ಎಣಿಸಿದರೆ ಆರು ಪೂರ್ತಿ ಗಂಟೆ, ಕೊನೆಗೆ 3:15ರಿಂದ 3:30ರ 15 ನಿಮಿಷದ ತುಣುಕು, ಒಟ್ಟು ಏಳು. ಕೆಲವು ತಂತ್ರಾಂಶಗಳು ಗಡಿಯಾರದ ಗಂಟೆಗೇ ಕತ್ತರಿಸುತ್ತವೆ: 9ರಿಂದ 10, 10ರಿಂದ 11, ಹೀಗೆ 4ರವರೆಗೆ. ಅಲ್ಲೂ ಏಳೇ! ಆದರೆ ಮೊದಲ ಕ್ಯಾಂಡಲ್‌ನಲ್ಲಿ 45 ನಿಮಿಷ, ಕೊನೆಯದರಲ್ಲಿ 30 ನಿಮಿಷದ ವಹಿವಾಟು. ಸಂಖ್ಯೆ ಒಂದೇ, ಕ್ಯಾಂಡಲ್‌ಗಳು ಬೇರೆ. ಇಬ್ಬರು ‘ಗಂಟೆ ಚಾರ್ಟಿನಲ್ಲಿ ಬ್ರೇಕ್‌ಔಟ್ ಆಯ್ತು’, ‘ಆಗಿಲ್ಲ’ ಅಂತ (ಬ್ರೇಕ್‌ಔಟ್ ಅಂದರೆ ಬೆಲೆ ತನ್ನ ಹಿಂದಿನ ಮಿತಿ ದಾಟುವುದು) ವಾದ ಮಾಡುತ್ತಿದ್ದರೆ ಹಲವು ಸಲ ಇದೇ ಕಾರಣ. ಎರಡನೇ ಕ್ಯಾಂಡಲ್ ಮೇಲೆ ಮೌಸ್ ಇಟ್ಟು ಸಮಯ ನೋಡಿ: 10:15 ಇದ್ದರೆ ಸರಿ, 10:00 ಇದ್ದರೆ ಗಡಿ ಬದಲಿಸಬೇಕು. ಅಮಿಬ್ರೋಕರ್ ಅನ್ನುವ ಚಾರ್ಟ್ ತಂತ್ರಾಂಶದಲ್ಲಿ ಪ್ರಿಫರೆನ್ಸಸ್ ಒಳಗೆ ಇಂಟ್ರಾಡೇ ಪುಟಕ್ಕೆ ಹೋಗಿ, ನಿಮಿಷದ ಬಾರ್‌ಗಳನ್ನು ಮಾರುಕಟ್ಟೆ ಸಮಯಕ್ಕೆ ಹೊಂದಿಸುವ ಆಯ್ಕೆಗೆ ಟಿಕ್ ಹಾಕಬೇಕು. ಡೇಟಾಬೇಸ್ ಸೆಟ್ಟಿಂಗ್ಸ್‌ನಲ್ಲಿ ದಿನದ ಅವಧಿಯನ್ನೂ 9:15ರಿಂದ ಕೊಡಬೇಕು. 75 ನಿಮಿಷದ ಚಾರ್ಟ್ ನಮ್ಮಲ್ಲಿ ಇಷ್ಟು ಬಳಕೆಗೆ ಬಂದದ್ದೂ ಇದೇ ಲೆಕ್ಕದಿಂದ. 375ನ್ನು 75 ಸರಿಯಾಗಿ ಐದು ಭಾಗ ಮಾಡುತ್ತದೆ, 125 ಮೂರು ಭಾಗ ಮಾಡುತ್ತದೆ, ತುಣುಕು ಉಳಿಯುವುದಿಲ್ಲ. ಕೆಲವು ಉಚಿತ ಯೋಜನೆಗಳಲ್ಲಿ ಇಂಥ ಅವಧಿ ಟೈಪ್ ಮಾಡಲು ಬಿಡುವುದಿಲ್ಲ. ಸೇರುವ ಮೊದಲೇ ನೋಡಿಕೊಳ್ಳಿ.

ಇನ್ನೊಂದು ಸೂಕ್ಷ್ಮ ಸಮಯದ ಮುದ್ರೆಯದು. ಕೆಲವು ಫೀಡ್‌ಗಳು ಕ್ಯಾಂಡಲ್‌ಗೆ ಅದು ಶುರುವಾದ ಸಮಯ ಹಾಕುತ್ತವೆ, ಕೆಲವು ಮುಗಿದ ಸಮಯ. ದಿನದ ಮೊದಲ ಒಂದು ನಿಮಿಷದ ಕ್ಯಾಂಡಲ್ 9:16 ಅಂತ ತೋರಿಸಿದರೆ ಅದು ಮುಗಿದ ಸಮಯ. ಅದನ್ನೇ ಶುರುವಿನ ಸಮಯ ಅಂತ ತಿಳಿಯುವ ತಂತ್ರಾಂಶಕ್ಕೆ ತುಂಬಿದರೆ ಮೊದಲ 5 ನಿಮಿಷದ ಕ್ಯಾಂಡಲ್‌ಗೆ ನಾಲ್ಕೇ ನಿಮಿಷದ ವಹಿವಾಟು ಸಿಗುತ್ತದೆ, ಐದನೆಯದು ಮುಂದಿನದಕ್ಕೆ ಜಾರುತ್ತದೆ, ದಿನದ ಕೊನೆಗೆ 3:30ರ ಹೆಸರಲ್ಲಿ ಒಂಟಿ ಕ್ಯಾಂಡಲ್ ಉಳಿಯುತ್ತದೆ. ಮೊದಲ 5 ನಿಮಿಷದ ರೇಂಜ್ ಬ್ರೇಕ್‌ಔಟ್ ಆಡುವವರಿಗೆ ಇದು ನೇರ ಪೆಟ್ಟು.

ಮುಕ್ತಾಯದ ಬೆಲೆ ನೋಡಿ ಗಾಬರಿಯಾಗುವವರು ಬಹಳ. ಷೇರಿನ ದಿನದ ಮುಕ್ತಾಯ ಬೆಲೆ ಅಂತ ಎನ್‌ಎಸ್‌ಇ ಘೋಷಿಸುವುದು ಕೊನೆಯ ವಹಿವಾಟಿನ ಬೆಲೆಯನ್ನಲ್ಲ, 3:00ರಿಂದ 3:30ರವರೆಗಿನ ವಹಿವಾಟಿನ ತೂಕದ ಸರಾಸರಿಯನ್ನು. ಆದ್ದರಿಂದ 3:29ರ ಕ್ಯಾಂಡಲ್ ಒಂದು ಬೆಲೆಗೆ ಮುಗಿದು ದಿನದ ಕ್ಯಾಂಡಲ್ ಇನ್ನೊಂದಕ್ಕೆ ಮುಗಿಯುವುದು ಸರಿಯೇ. ಕೇಳಬೇಕಾದ ಪ್ರಶ್ನೆ ಬೇರೆ: ದಿನದ ಕ್ಯಾಂಡಲ್ ಅನ್ನು ನಿಮಿಷಗಳಿಂದ ಕಟ್ಟಿದ್ದಾರೋ, ಭಾವ್‌ಕಾಪಿಯಿಂದ ತಂದಿದ್ದಾರೋ? ಕೆಲವರು ಸಂಜೆಯವರೆಗೆ ಮೊದಲನೆಯದನ್ನು ತೋರಿಸಿ ರಾತ್ರಿ ಎರಡನೆಯದಕ್ಕೆ ಬದಲಿಸುತ್ತಾರೆ. 3:35ಕ್ಕೆ ಒಂದು ಸ್ಕ್ರೀನ್‌ಶಾಟ್, ರಾತ್ರಿ 9ಕ್ಕೆ ಒಂದು ತೆಗೆದಿಟ್ಟು ಹೋಲಿಸಿ. ಮುಕ್ತಾಯ ಬೆಲೆಯಿಂದ ಪಿವಟ್ (ಮರುದಿನ ಬೆಲೆ ತಿರುಗಬಹುದಾದ ಮಟ್ಟಗಳು) ಲೆಕ್ಕ ಹಾಕುವವರ ರೇಖೆಗಳೆಲ್ಲ ಈ ನಡುವೆ ಸರಿದಿರುತ್ತವೆ.

ಕ್ಯಾಲೆಂಡರ್ ಪರೀಕ್ಷೆಗೆ ಮೂರು ದಿನ ಸಾಕು. 2025ರ ಫೆಬ್ರುವರಿ 1 ಶನಿವಾರ. ಬಜೆಟ್ ಇದ್ದದ್ದರಿಂದ ಪೂರ್ಣ ವಹಿವಾಟು ನಡೆಯಿತು. ಆ ದಿನದ ಕ್ಯಾಂಡಲ್ ಇದೆಯೇ, ವಾರದ ಕ್ಯಾಂಡಲ್ ಶನಿವಾರದ ಬೆಲೆಗೇ ಮುಗಿದಿದೆಯೇ ನೋಡಿ. ವಾರಾಂತ್ಯ ಸೋಸುವ ಆಯ್ಕೆ ಚಾಲೂ ಇದ್ದರೆ ಇಡೀ ದಿನವೇ ಮಾಯ. 2025ರ ಅಕ್ಟೋಬರ್ 21ರ ದೀಪಾವಳಿ ಮುಹೂರ್ತ ವಹಿವಾಟು ಮಧ್ಯಾಹ್ನ 1:45ರಿಂದ 2:45ರವರೆಗೆ ಇತ್ತು. ಒಂದು ನಿಮಿಷದ 60 ಕ್ಯಾಂಡಲ್ ಇರಬೇಕು. ನವೆಂಬರ್ 5 ಗುರುನಾನಕ್ ಜಯಂತಿ ರಜೆ. ಅಲ್ಲಿ ಚಪ್ಪಟೆ ಗೆರೆ ಕಂಡರೆ ಹಿಂದಿನ ದಿನದ ಬೆಲೆಯನ್ನೇ ತುಂಬಿ ಮುಚ್ಚಿದ್ದಾರೆ ಅಂತ ಅರ್ಥ. ಎಂಸಿಎಕ್ಸ್ (ಸರಕು ವಿನಿಮಯ ಕೇಂದ್ರ) ನೋಡುವವರಿಗೆ ಇನ್ನೊಂದು: ಚಳಿಗಾಲಕ್ಕೆ ಅಮೆರಿಕದ ಗಡಿಯಾರ ಹಿಂದೆ ಸರಿದದ್ದರಿಂದ 2025ರ ನವೆಂಬರ್ 3ರಿಂದ ಚಿನ್ನ, ಕಚ್ಚಾ ತೈಲದ ವಹಿವಾಟು ರಾತ್ರಿ 11:55ರವರೆಗೆ ನಡೆಯಿತು. ತಂತ್ರಾಂಶದ ಅವಧಿ 11:30ಕ್ಕೇ ನಿಂತಿದ್ದರೆ ದಿನಕ್ಕೆ 25 ನಿಮಿಷ ಕಳೆದುಹೋಗಿರುತ್ತದೆ.

ಬೋನಸ್ (ಪುಕ್ಕಟೆ ಕೊಡುವ ಹೆಚ್ಚುವರಿ ಷೇರು), ಡಿಮರ್ಜರ್ (ಕಂಪನಿಯ ಒಂದು ಭಾಗ ಬೇರೆಯಾಗುವುದು) ಆದಾಗ ಹಳೆಯ ಬೆಲೆಗಳನ್ನು ಸರಿಪಡಿಸಿದ್ದಾರೋ ಇಲ್ಲವೋ ತಿಳಿಯಲು ಎರಡು ಷೇರು ನೋಡಿ. ಎಚ್‌ಡಿಎಫ್‌ಸಿ ಬ್ಯಾಂಕ್ 2025ರ ಆಗಸ್ಟ್ 26ರಂದು 1:1 ಬೋನಸ್‌ಗೆ ಹೊಂದಿಕೊಂಡಿತು. ಚಾರ್ಟಿನಲ್ಲಿ ಆ ದಿನ ಬೆಲೆ ಅರ್ಧಕ್ಕೆ ಬಿದ್ದ ಹಾಗೆ ಕಂಡರೆ ಸರಿಪಡಿಸಿಲ್ಲ. ಬೆಲೆ ಸರಿಪಡಿಸಿ ವಾಲ್ಯೂಮ್ (ಕೈಬದಲಾದ ಷೇರುಗಳ ಸಂಖ್ಯೆ) ದುಪ್ಪಟ್ಟು ಮಾಡುವುದನ್ನು ಮರೆಯುವವರಿದ್ದಾರೆ, ದಿನದ ಚಾರ್ಟ್ ತಿದ್ದಿ ನಿಮಿಷದ್ದನ್ನು ಬಿಡುವವರೂ ಇದ್ದಾರೆ. ಎರಡೂ ಕಡೆ ನೋಡಬೇಕು. ಡಿಮರ್ಜರ್ ಇನ್ನೂ ತೊಡಕಿನದು. 2023ರ ಜುಲೈ 20ರಂದು ರಿಲಯನ್ಸ್‌ನಿಂದ ಜಿಯೋ ಫೈನಾನ್ಷಿಯಲ್ ಬೇರೆಯಾದಾಗ ಹಿಂದಿನ ದಿನದ 2,841.85 ವಿಶೇಷ ಪ್ರೀ-ಓಪನ್‌ನಲ್ಲಿ 2,580ಕ್ಕೆ ಬಂತು. ಕಡಿಮೆಯಾದ 261.85 ರೂಪಾಯಿ ಹೊಸ ಕಂಪನಿಯ ಪಾಲು, ಯಾರಿಗೂ ಆದ ನಷ್ಟವಲ್ಲ. ಹಳೆಯ ಬೆಲೆಗಳನ್ನೆಲ್ಲ 0.908ರಿಂದ ಗುಣಿಸದಿದ್ದರೆ ಬ್ಯಾಕ್‌ಟೆಸ್ಟ್ (ವಹಿವಾಟಿನ ತಂತ್ರವನ್ನು ಹಳೆಯ ಬೆಲೆಗಳ ಮೇಲೆ ಓಡಿಸಿ ನೋಡುವುದು) ಅದನ್ನು ಶೇ 9ರ ಕುಸಿತ ಅಂತಲೇ ಓದುತ್ತದೆ.

ಈಗ ಫ್ಯೂಚರ್ಸ್. ಅಗ್ಗದ ತಂತ್ರಾಂಶಗಳು ಹೆಚ್ಚು ಎಡವುವುದು ಇಲ್ಲೇ. ಕಾಂಟ್ರ್ಯಾಕ್ಟ್ ತಿಂಗಳಿಗೊಮ್ಮೆ ಸಾಯುತ್ತದೆ (ಅದೇ ಎಕ್ಸ್‌ಪೈರಿ), ಚಾರ್ಟ್ ಮಾತ್ರ ವರ್ಷಗಟ್ಟಲೆ ಬೇಕು, ಹಾಗಾಗಿ ತುಂಡುಗಳನ್ನು ಹೊಲಿದು ನಿರಂತರ ಸರಣಿ ಮಾಡುತ್ತಾರೆ. ಟ್ರೇಡಿಂಗ್‌ವ್ಯೂ ಅನ್ನುವ ಚಾರ್ಟ್ ತಾಣದಲ್ಲಿ ನಿಫ್ಟಿ ಹೆಸರಿನ ಕೊನೆಗೆ 1 ಮತ್ತು ಆಶ್ಚರ್ಯಸೂಚಕ ಚಿಹ್ನೆ ಹಾಕಿದರೆ ಅದು ಸಿಗುತ್ತದೆ. ಅಮಿಬ್ರೋಕರ್‌ಗೆ ಬರುವ ಫೀಡ್‌ಗಳಲ್ಲಿ ಸಾಮಾನ್ಯವಾಗಿ ಹೆಸರಿನ ಕೊನೆಗೆ ರೋಮನ್ ಒಂದು, ಎರಡು, ಮೂರು ಇರುತ್ತದೆ. ಹೊಲಿಗೆ ಹೇಗಿದೆ ಅನ್ನುವುದನ್ನು 2025ರ ಅಕ್ಟೋಬರ್ 28 (ಎಕ್ಸ್‌ಪೈರಿ ದಿನ) ಮತ್ತು 29ರಲ್ಲಿ ನೋಡಿ. ಮುಂದಿನ ಎಕ್ಸ್‌ಪೈರಿಗೆ 28 ದಿನ, ಬಡ್ಡಿ ಶೇ 6.5 ಅಂತ ಹಿಡಿದರೆ ಹೊಸ ಕಾಂಟ್ರ್ಯಾಕ್ಟ್ ಸುಮಾರು 130 ಅಂಕ ಮೇಲಿರಬೇಕು. ಸರಿಹೊಂದಿಸದ ಸರಣಿಯಲ್ಲಿ 29ರ ಬೆಳಿಗ್ಗೆ ಇದು ಗ್ಯಾಪ್ ಅಪ್ ಅಂತ ಕಾಣುತ್ತದೆ. 75ರ ಒಂದು ಲಾಟಿಗೆ 9,750 ರೂಪಾಯಿ, ಆದರೆ ಯಾರೂ ಗಳಿಸದ ಲಾಭ. 5 ನಿಮಿಷದ ಚಾರ್ಟಿನಲ್ಲಿ 14 ಕ್ಯಾಂಡಲ್‌ನ ಎಟಿಆರ್ (ಬೆಲೆಯ ಸರಾಸರಿ ಏರಿಳಿತ) 20 ಅಂಕ ಇದ್ದದ್ದು ಈ ಒಂದೇ ಕ್ಯಾಂಡಲ್‌ನಿಂದ ಎಂಟೊಂಬತ್ತು ಅಂಕ ಉಬ್ಬುತ್ತದೆ, ಎಟಿಆರ್‌ನಿಂದಲೇ ಎಳೆಯುವ ಸೂಪರ್‌ಟ್ರೆಂಡ್ ಗೆರೆ ಅರ್ಧ ದಿನ ಹಾದಿ ತಪ್ಪುತ್ತದೆ.

ಹಳೆಯ ಬೆಲೆಗಳನ್ನು ಅಷ್ಟೇ ಎತ್ತಿ ಸರಿಹೊಂದಿಸುವ ಆಯ್ಕೆ ಇದ್ದರೆ ಇಂಡಿಕೇಟರ್‌ಗೂ ಬ್ಯಾಕ್‌ಟೆಸ್ಟ್‌ಗೂ ಅದನ್ನೇ ಬಳಸಿ. ಸಪೋರ್ಟ್, ರೆಸಿಸ್ಟೆನ್ಸ್ (ಬೆಲೆ ತಡೆದು ತಿರುಗುವ ಮಟ್ಟಗಳು) ಎಳೆಯುವಾಗ ಮಾತ್ರ ಅದನ್ನು ತೆಗೆಯಿರಿ. ಯಾಕೆಂದರೆ ಸರಿಹೊಂದಿಸಿದ ಬೆಲೆಯಲ್ಲಿ ಯಾರೂ ಕೊಂಡಿಲ್ಲ, ಯಾರೂ ಮಾರಿಲ್ಲ.

2025ರಲ್ಲಿ ಇನ್ನೊಂದು ಬಲೆ ಸೇರಿಕೊಂಡಿದೆ. ಸೆಪ್ಟೆಂಬರ್‌ನಿಂದ ಎನ್‌ಎಸ್‌ಇ ಎಕ್ಸ್‌ಪೈರಿ ಗುರುವಾರದಿಂದ ಮಂಗಳವಾರಕ್ಕೆ ಬಂದಿದೆ. ಹಳೆಯ ಎಎಫ್‌ಎಲ್ (ಅಮಿಬ್ರೋಕರ್‌ನ ಭಾಷೆ) ಕೋಡ್‌ಗಳಲ್ಲಿ, ಪುಕ್ಕಟೆ ಸಿಗುವ ಎಷ್ಟೋ ಸ್ಕ್ರಿಪ್ಟ್‌ಗಳಲ್ಲಿ ‘ತಿಂಗಳ ಕೊನೆಯ ಗುರುವಾರ’ ಅಂತಲೇ ಬರೆದಿರುತ್ತದೆ. ಅವು ಅಕ್ಟೋಬರ್‌ನಲ್ಲಿ 28ರ ಬದಲು 30ರವರೆಗೆ ಸತ್ತ ಕಾಂಟ್ರ್ಯಾಕ್ಟನ್ನೇ ಹಿಡಿದುಕೊಂಡಿರುತ್ತವೆ. 29 ಮತ್ತು 30 ಖಾಲಿ ಕಂಡರೆ ಕಾರಣ ಇದೇ.

ವಿವ್ಯಾಪ್ (ವಾಲ್ಯೂಮ್ ತೂಕದ ಸರಾಸರಿ ಬೆಲೆ) ಬಗ್ಗೆ ಒಂದೇ ಮಾತು: ನಿಫ್ಟಿ ಸ್ಪಾಟ್ ಅನ್ನು, ಅಂದರೆ ಸೂಚ್ಯಂಕವನ್ನೇ, ಯಾರೂ ಕೊಳ್ಳುವುದಿಲ್ಲ, ಮಾರುವುದಿಲ್ಲ, ಅದಕ್ಕೆ ತನ್ನದೇ ವಾಲ್ಯೂಮ್ ಇಲ್ಲ. ಸ್ಪಾಟ್ ಚಾರ್ಟಿನ ಮೇಲೆ ವಿವ್ಯಾಪ್ ಬಿದ್ದರೆ ಆ ವಾಲ್ಯೂಮ್ ಎಲ್ಲಿಂದ ಬಂತು ಅಂತ ಕೇಳಿ. ಫ್ಯೂಚರ್ಸ್ ಚಾರ್ಟಿನಲ್ಲೇ ಹಾಕಿ.

ಒಂದೇ ಇಂಡಿಕೇಟರ್ ಎರಡು ಕಡೆ ಎರಡು ಅಂಕಿ ತೋರಿಸಿದರೆ ತಪ್ಪು ಸೂತ್ರದಲ್ಲೇ ಇರಬೇಕೆಂದಿಲ್ಲ, ಎಷ್ಟು ಹಳೆಯ ದತ್ತಾಂಶ ಲೋಡ್ ಆಗಿದೆ ಅನ್ನುವುದರಲ್ಲೂ ಇರಬಹುದು. 200ರ ಇಎಂಎಗೆ (ಹೊಸ ಬೆಲೆಗೆ ಹೆಚ್ಚು ತೂಕ ಕೊಡುವ ಸರಾಸರಿ) 200 ಕ್ಯಾಂಡಲ್ ಸಾಲದು. 200 ಕಳೆದ ಮೇಲೂ ಆರಂಭದ ಅಂಕಿಯ ಪ್ರಭಾವ ಶೇ 13.5ರಷ್ಟು ಉಳಿದಿರುತ್ತದೆ, 600 ದಾಟಿದರೆ ಶೇ 0.25ಕ್ಕೆ ಇಳಿಯುತ್ತದೆ. 5 ನಿಮಿಷದ ಚಾರ್ಟಿನಲ್ಲಿ 600 ಅಂದರೆ 8 ದಿನ, 15 ನಿಮಿಷದ್ದರಲ್ಲಿ 24 ದಿನ. 5 ನಿಮಿಷದ್ದಕ್ಕೆ ಐದೇ ದಿನ ಲೋಡ್ ಮಾಡುವ ತಂತ್ರಾಂಶದಲ್ಲಿ ಆರಂಭದ ಅಂಕಿ 400 ಅಂಕ ದೂರವಿದ್ದರೆ ಇಎಂಎ ಗೆರೆ ಸುಮಾರು 9 ಅಂಕ ಆಚೆ ಕೂರುತ್ತದೆ. ಚಾರ್ಟನ್ನು ಎಡಕ್ಕೆ ಎಳೆದು ಹಳೆಯ ದಿನಗಳು ಲೋಡ್ ಆಗುವಂತೆ ಮಾಡಿ, ಗೆರೆ ಅಲುಗಿದರೆ ರೋಗ ಗೊತ್ತಾಯಿತು. ಸೂಪರ್‌ಟ್ರೆಂಡ್ ಹೋಲಿಸುವ ಮೊದಲು ಸೆಟ್ಟಿಂಗ್ (ಎಟಿಆರ್ ಅವಧಿ ಮತ್ತು ಗುಣಕ) ನೋಡಿ. ಒಂದು ಕಡೆ 7 ಮತ್ತು 3, ಇನ್ನೊಂದು ಕಡೆ 10 ಮತ್ತು 3 ತಾನಾಗಿಯೇ ಬಂದಿರುತ್ತದೆ.

ಆರ್ಡರ್ ಫ್ಲೋ, ಫುಟ್‌ಪ್ರಿಂಟ್, ಡೆಲ್ಟಾ (ಯಾವ ಬೆಲೆಗೆ ಎಷ್ಟು ಕೊಂಡರು, ಎಷ್ಟು ಮಾರಿದರು ಅನ್ನುವ ಲೆಕ್ಕಗಳು) ಎಲ್ಲ ಕಡಿಮೆ ದುಡ್ಡಿಗೆ ಕೊಡುತ್ತೇವೆ ಅನ್ನುವ ಜಾಹೀರಾತುಗಳ ಬಗ್ಗೆ ಎಚ್ಚರ. ಬ್ರೋಕರ್ ಮೂಲಕ ಬರುವ ಫೀಡ್ ಪ್ರತಿ ವಹಿವಾಟನ್ನೂ ತರುವುದಿಲ್ಲ, ಸೆಕೆಂಡಿಗೆ ಕೆಲವು ಬಾರಿ ಚಿತ್ರ ತೆಗೆದಂತೆ ಕೊನೆಯ ಬೆಲೆ ಮತ್ತು ಒಟ್ಟು ವಾಲ್ಯೂಮ್ ತರುತ್ತದೆ. ಎರಡು ಚಿತ್ರಗಳ ನಡುವೆ ನಡೆದ ಹತ್ತಾರು ವಹಿವಾಟನ್ನು ಒಂದೇ ಬೆಲೆಗೆ ಹಚ್ಚಿ, ಕೊಂಡದ್ದೋ ಮಾರಿದ್ದೋ ಊಹೆ ಮಾಡುತ್ತಾರೆ. ಅದು ಅಂದಾಜು ಅಂತ ತಿಳಿದು ಬಳಸುವುದಾದರೆ ಸರಿ.

ಇನ್ನು ಆಯ್ಕೆ. ವಾರಗಟ್ಟಲೆ ಷೇರು ಇಟ್ಟುಕೊಳ್ಳುವವರಿಗೆ ಬ್ರೋಕರ್ ಕೊಡುವ ಉಚಿತ ಚಾರ್ಟ್ ಧಾರಾಳ ಸಾಕು. ಬೆಂಗಳೂರಿನ ಬ್ರೋಕರ್ ಝೆರೋಧಾ ತನ್ನ ವಹಿವಾಟು ತಾಣ ಕೈಟ್‌ನಲ್ಲಿ ಚಾರ್ಟ್‌ಐಕ್ಯೂ, ಟ್ರೇಡಿಂಗ್‌ವ್ಯೂ ಎರಡೂ ಚಾರ್ಟ್‌ಗಳನ್ನು ಇಟ್ಟಿದೆ, ಒಂದರ ಅನುಮಾನವನ್ನು ಇನ್ನೊಂದರಲ್ಲಿ ನೋಡಿಕೊಳ್ಳಬಹುದು. ಬ್ಯಾಕ್‌ಟೆಸ್ಟ್ ಬೇಕಾದವರಿಗೆ ಅಮಿಬ್ರೋಕರ್‌ಗೆ ಸಾಟಿ ಕಡಿಮೆ. ವಿಂಡೋಸ್ ಬೇಕು, ತಿಂಗಳ ಬಾಡಿಗೆ ಇಲ್ಲ, ಒಮ್ಮೆ ಕೊಂಡರೆ ಮುಗಿಯಿತು. ಸ್ಟ್ಯಾಂಡರ್ಡ್ ಆವೃತ್ತಿಯಲ್ಲಿ ಒಂದು ನಿಮಿಷಕ್ಕಿಂತ ಚಿಕ್ಕ ಅವಧಿ ಇಲ್ಲ, ರಿಯಲ್‌ಟೈಮ್ ಪಟ್ಟಿಗೆ 10 ಹೆಸರಿನ ಮಿತಿ ಇದೆ. ದಿನದ ದತ್ತಾಂಶ ಮಾತ್ರ ಬಳಸುವವರಿಗೆ ಅದೇ ಸಾಕು, ಭಾವ್‌ಕಾಪಿಯನ್ನು ದಿನಾ ಸಂಜೆ ತುಂಬಿದರಾಯಿತು.

ಕೋಡ್ ಬರೆಯಬಲ್ಲವರಿಗೆ ಕೈಟ್ ಕನೆಕ್ಟ್ (ಝೆರೋಧಾದ ದತ್ತಾಂಶವನ್ನು ಕೋಡ್ ಮೂಲಕ ಪಡೆಯುವ ಸೇವೆ) ತಿಂಗಳಿಗೆ 500 ರೂಪಾಯಿ, ಹಳೆಯ ದತ್ತಾಂಶವೂ ಸೇರಿ. ಒಂದು ಸಲಕ್ಕೆ ನಿಮಿಷದ ದತ್ತಾಂಶ 60 ದಿನದ್ದು ಮಾತ್ರ ಸಿಗುತ್ತದೆ. ವರ್ಷದ್ದಕ್ಕೆ ಏಳು ಸಲ ಕೇಳಬೇಕು. ಮುಖ್ಯವಾದ ಮಿತಿ: ನಿರಂತರ ಫ್ಯೂಚರ್ಸ್ ಸರಣಿ ದಿನದ ಕ್ಯಾಂಡಲ್‌ಗೆ ಮಾತ್ರ ಇದೆ. ಮುಗಿದ ಕಾಂಟ್ರ್ಯಾಕ್ಟಿನ ನಿಮಿಷದ ದತ್ತಾಂಶ ಬೇಕಿದ್ದರೆ ಅದು ಬದುಕಿರುವಾಗಲೇ ಇಳಿಸಿಟ್ಟುಕೊಳ್ಳಬೇಕು.

ಕ್ರ್ಯಾಕ್ ಮಾಡಿದ ಅಮಿಬ್ರೋಕರ್, ಟೆಲಿಗ್ರಾಂನಲ್ಲಿ ಮಾರುವ ಹೆಸರಿಲ್ಲದ ಫೀಡ್, ಇವೆರಡರ ಹತ್ತಿರವೂ ಹೋಗಬೇಡಿ. ಮೊದಲನೆಯದನ್ನು ಹಾಕಲು ಆಂಟಿವೈರಸ್ ಆಫ್ ಮಾಡಿ ಅನ್ನುತ್ತಾರೆ, ಅದೇ ಕಂಪ್ಯೂಟರಿನಲ್ಲಿ ಡಿಮ್ಯಾಟ್ ಲಾಗಿನ್ ಇರುತ್ತದೆ. ಎರಡನೆಯದು ಎಕ್ಸ್‌ಪೈರಿ ದಿನ ಮಧ್ಯಾಹ್ನ ನಿಂತರೆ ಕೇಳಲು ಯಾರೂ ಸಿಗುವುದಿಲ್ಲ. ಅಧಿಕೃತ ದತ್ತಾಂಶ ಮಾರಾಟಗಾರರ ಪಟ್ಟಿ ಎನ್‌ಎಸ್‌ಇ ತಾಣದಲ್ಲೇ ಇದೆ.

ನಾಳೆ ಬೆಳಿಗ್ಗೆ ಮಾಡಬೇಕಾದ್ದು: 9:15ರಿಂದ 9:20ರವರೆಗೆ ಬ್ರೋಕರ್ ಆರ್ಡರ್ ಕಿಟಕಿಯ ಬೆಲೆಯನ್ನೂ ಚಾರ್ಟಿನ ಬೆಲೆಯನ್ನೂ ಪಕ್ಕಪಕ್ಕ ಇಟ್ಟು ಸ್ಕ್ರೀನ್ ರೆಕಾರ್ಡ್ ಮಾಡುವುದು, ಎಷ್ಟು ಸೆಕೆಂಡ್ ಹಿಂದೆ ಬೀಳುತ್ತದೆ ಅಂತ ಆಮೇಲೆ ನಿಧಾನವಾಗಿ ಎಣಿಸುವುದು. ನವೆಂಬರ್ 25 ಮಂಗಳವಾರ ಎಕ್ಸ್‌ಪೈರಿ. 26ರ ಬೆಳಿಗ್ಗೆ ನಿರಂತರ ಸರಣಿಯ ಹೊಲಿಗೆಯನ್ನು ಮತ್ತೊಮ್ಮೆ ನೋಡಬೇಕು.