‘ಇಂದು ಬೇಡ’ ಎನ್ನುವವರಿಗೂ ಸಂಬಳ

ಮೈಸೂರಿನ ಪ್ರವಾಸ ಸಂಸ್ಥೆಯೊಂದರಲ್ಲಿ ಚಳಿಗಾಲದ ಪ್ರವಾಸಗಳನ್ನು ರೂಪಿಸುವುದು ನನ್ನ ಉದ್ಯೋಗ. ಕುವೆಂಪುನಗರದ ನಿವೃತ್ತ ದಂಪತಿಗಳು, ಹೆಬ್ಬಾಳದ ಸಾಫ್ಟ್‌ವೇರ್ ಕಚೇರಿಗಳ ತರುಣ ತರುಣಿಯರು, ಮಂಡ್ಯದ ವೈದ್ಯರ ಬಳಗ, ಹೀಗೆ ಹಿಮವನ್ನು ಸಿನಿಮಾದಲ್ಲಷ್ಟೇ ಕಂಡವರನ್ನು ಕಾಶ್ಮೀರದ ಗುಲ್ಮಾರ್ಗ್‌ಗೆ ಕಳುಹಿಸಿ, ಅವರಲ್ಲಿ ಆಸಕ್ತಿಯಿರುವವರಿಗೆ ಸ್ಕೀಯಿಂಗ್‌ನ ಮೊದಲ ಪಾಠ ಸಿಗುವಂತೆ ಮಾಡುವುದು ನಮ್ಮ ವಿಭಾಗದ ಹೊಣೆ. ಈ ಕೆಲಸದಲ್ಲಿ ನಾನು ಕಲಿತ ಮುಖ್ಯ ಸಂಗತಿಯು ಹೋಟೆಲ್ ಕಾಯ್ದಿರಿಸುವುದಕ್ಕಾಗಲಿ, ವಿಮಾನದ ದರಕ್ಕಾಗಲಿ ಸಂಬಂಧಪಟ್ಟದ್ದಲ್ಲ. ಪರ್ವತದ ಬುಡದಲ್ಲೇ ಹುಟ್ಟಿ ಬೆಳೆದು, ಸ್ಕೀಯನ್ನೇ ಬದುಕಾಗಿಸಿಕೊಂಡ ಸ್ಥಳೀಯನೊಬ್ಬನಿಗೆ ನಾವು ಹಣ ಕೊಡುವುದು ಯಾವ ಕೆಲಸಕ್ಕೆ ಎಂಬ ಪ್ರಶ್ನೆಗೆ ಅದು ಸಂಬಂಧಪಟ್ಟಿದೆ.

ಅಲ್ಲಿ ನಮ್ಮ ತಂಡಗಳನ್ನು ವಹಿಸಿಕೊಳ್ಳುವ ಮಾರ್ಗದರ್ಶಕರು ತಂಗ್‌ಮಾರ್ಗ್ ಕಡೆಯ ಹಳ್ಳಿಯವರು. ಊರಿನವರು ಅವರನ್ನು ಉಸ್ತಾದ್ ಎನ್ನುತ್ತಾರೆ, ನಾನೂ ಹಾಗೆಯೇ ಕರೆಯುತ್ತೇನೆ. ಬೇಸಿಗೆಯಲ್ಲಿ ಅವರಿಗೆ ಸೇಬಿನ ತೋಟದ ಕೆಲಸ, ನಡುನಡುವೆ ಚಾರಣಿಗರ ಜೊತೆ ತಿರುಗಾಟ. ಡಿಸೆಂಬರ್ ಬಂತೆಂದರೆ ಮನೆಯ ಅಂಗಳದಲ್ಲಿ ಹಳೆಯದೊಂದು ಇಸ್ತ್ರಿಪೆಟ್ಟಿಗೆ ಕಾಯಿಸಿ, ಅದಕ್ಕೆ ಮೇಣದ ತುಂಡನ್ನು ಒತ್ತಿ ಸ್ಕೀಯ ತಳಕ್ಕೆ ಹನಿಹನಿಯಾಗಿ ಇಳಿಸಿ, ಹದವಾಗಿ ಸವರಿ, ಆರಿದ ಮೇಲೆ ಪ್ಲಾಸ್ಟಿಕ್ ಪಟ್ಟಿಯಿಂದ ಹೆರೆದು ತೆಗೆಯುತ್ತಾರೆ. ಹೆರೆದ ಮೇಲೂ ತಳದ ಸೂಕ್ಷ್ಮ ರಂಧ್ರಗಳಲ್ಲಿ ಉಳಿದುಕೊಳ್ಳುವ ಮೇಣವೇ ಹಿಮದ ಮೇಲೆ ಜಾರುವುದಕ್ಕೆ ಸಾಕಾಗುತ್ತದೆ. ಅವರ ಸ್ಕೀಗಳು ಹೊಸವಲ್ಲ. ಋತುವಿನ ಕೊನೆಯಲ್ಲಿ ವಿದೇಶೀಯರು ಮಾರಿ ಹೋದವು, ಇಲ್ಲವೇ ಬಿಟ್ಟು ಹೋದವು. ಗಿರಾಕಿಗಳೆಲ್ಲ ಹೋಟೆಲ್ ಸೇರಿದ ಮೇಲೆ, ಬೆಳಕಿನ್ನೂ ಉಳಿದಿದ್ದರೆ, ಪೈನ್ ಮರಗಳ ನಡುವೆ ಕೆಳಗಿನ ಬಾಬಾ ರೇಶಿ ಊರಿನವರೆಗೆ ಗೆಳೆಯರೊಡನೆ ಇಳಿಯುವುದು ಅವರ ಸ್ವಂತದ ಸಂತೋಷ. ಅದಕ್ಕೆ ಯಾರೂ ಹಣ ಕೊಡುವುದಿಲ್ಲ, ಅದನ್ನು ಅವರು ಬಿಡುವುದೂ ಇಲ್ಲ.

ಜೂನ್, ಜುಲೈ ತಿಂಗಳಲ್ಲಿ ಮಂಡ್ಯದ ರೈತನು ಬೆಳಗಿನ ಪತ್ರಿಕೆ ತೆರೆದು ಕೆಆರ್‌ಎಸ್ ನೀರು 124.80 ಅಡಿ ಮುಟ್ಟಲು ಇನ್ನೆಷ್ಟು ಬಾಕಿ ಎಂದು ನೋಡುವಂತೆ, ಡಿಸೆಂಬರ್ 21ರಿಂದ 40 ದಿನಗಳ ಕಡುಚಳಿಯ ಕಾಲವಾದ ಚಿಲ್ಲೈ ಕಲಾನ್ ಉದ್ದಕ್ಕೂ ಉಸ್ತಾದ್ ಮತ್ತು ಅಲ್ಲಿನ ಸ್ಕೀಯರ್‌ಗಳು ಎದ್ದೊಡನೆ ಅಫರ್ವಾತ್ ಪರ್ವತದ ಏಣಿನ ಕಡೆ ನೋಡುತ್ತಾರೆ. ಏಣಿನ ಮೇಲಿಂದ ಹಿಮದ ಧೂಳು ಯಾವ ದಿಕ್ಕಿಗೆ ಹಾರುತ್ತಿದೆ, ರಾತ್ರಿ ಬಿದ್ದದ್ದು ಒಣ ಹಿಮವೋ ತೇವದ ಹಿಮವೋ, ಎಷ್ಟು ಹೊತ್ತಿನಲ್ಲಿ ಎಷ್ಟು ಬಿತ್ತು ಎಂಬುದೆಲ್ಲ ಚಹಾ ಕುಡಿಯುವಷ್ಟರಲ್ಲಿ ಫೋನಿನಲ್ಲಿ ಹತ್ತಾರು ಮನೆ ಸುತ್ತಿರುತ್ತದೆ. ಬೆಟ್ಟ ಹತ್ತಿಸುವ ಕೇಬಲ್ ಕಾರ್ ಆದ ಗೊಂಡೋಲಾ ತೆರೆಯುವ ಮೊದಲೇ ಸಾಲಿನಲ್ಲಿ ನಿಂತು, ಹೊಸ ಹಿಮದ ಮೇಲೆ ಮೊದಲ ಗೆರೆ ಎಳೆಯುವವನು ಯಾರೆಂದು ಅವರು ಜಗಳವಾಡುವುದನ್ನು ನೋಡಿದವರು, ಇವರು ಹಿಮಕುಸಿತದ ಅಪಾಯವಿರುವ ದಿನ ‘ಇಂದು ಬೇಡ’ ಎನ್ನಬಲ್ಲರೆಂದು ನಂಬಲಾರರು. ಅತಿ ಹೆಚ್ಚು ಆಸೆಯಿರುವವರೇ ಅತಿ ಹೆಚ್ಚು ಸಲ ಹಿಂದೆ ಸರಿಯುವವರು ಎಂಬುದು ನನ್ನನ್ನು ಬಹಳ ದಿನ ಯೋಚನೆಗೆ ಹಚ್ಚಿದ ಸಂಗತಿ.

ನಮ್ಮ ಕಡೆಯವರಿಗೆ ಈ ಲೋಕ ತೀರಾ ಅಪರಿಚಿತವೇನೂ ಅಲ್ಲ. ಕೊಡಗಿನ ಕೆ.ಎಸ್. ತಿಮ್ಮಯ್ಯನವರು 1948ರಲ್ಲಿ ಸೇನೆಯ 19ನೇ ಡಿವಿಷನ್ನಿನ ಮುಖ್ಯಸ್ಥರಾಗಿದ್ದಾಗ ಗುಲ್ಮಾರ್ಗ್‌ನಲ್ಲಿ ಆರಂಭವಾದ ಸ್ಕೀ ಶಾಲೆಯೇ ಮುಂದೆ ಸೇನೆಯ ಹೈ ಆಲ್ಟಿಟ್ಯೂಡ್ ವಾರ್‌ಫೇರ್ ಸ್ಕೂಲ್ ಆಗಿ ಬೆಳೆಯಿತು. ಅದೇ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರು ಇಂದು ಕ್ರಾಸ್ ಕಂಟ್ರಿ ಸ್ಕೀಯಿಂಗ್‌ನಲ್ಲಿ ದೇಶವನ್ನು ಪ್ರತಿನಿಧಿಸುತ್ತಾರೆ. 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಭಾರತದ ಏಕೈಕ ಸ್ಪರ್ಧಿಯಾಗಿದ್ದ ಆರಿಫ್ ಖಾನ್ ತಂಗ್‌ಮಾರ್ಗ್ ಕಡೆಯವರೇ. ಉಸ್ತಾದ್ ಮಾತ್ರ ಇಂಥ ಹೆಸರುಗಳನ್ನು ಹೇಳಿಕೊಂಡು ತಿರುಗುವವರಲ್ಲ. ಅವರು ಕಲಿತದ್ದು ಸ್ವಲ್ಪ ಅಲ್ಲಿಯ ಸರ್ಕಾರಿ ತರಬೇತಿ ಸಂಸ್ಥೆಯಲ್ಲಿ, ಉಳಿದದ್ದು ಅಣ್ಣಂದಿರ ಬೆನ್ನ ಹಿಂದೆ.

ಅವರ ಕೆಲಸವನ್ನು ಹತ್ತಿರದಿಂದ ನೋಡಲೆಂದೇ ಒಮ್ಮೆ ನಾನು ಗೊಂಡೋಲಾದ ಮೊದಲ ಹಂತವಾದ ಕೊಂಗ್ಡೂರಿಯ ಮೇಲೆ ಅವರ ಜೊತೆ ಹೋಗಿದ್ದೆ. ಅವರು ಸಲಿಕೆಯಿಂದ ಎದೆಯೆತ್ತರದ ಗುಂಡಿ ತೋಡಿ, ಅದರ ಗೋಡೆಯನ್ನು ನುಣ್ಣಗೆ ಕೆತ್ತಿ, ಮೇಲಿನಿಂದ ಕೆಳಕ್ಕೆ ಪದರ ಪದರವಾಗಿ ಕೈಯಿಂದ ಒತ್ತುತ್ತಾ ಬಂದರು. ಒಂದು ಪದರಕ್ಕೆ ಮುಷ್ಟಿಯೇ ಒಳಗೆ ಹೋಯಿತು, ಅದರ ಕೆಳಗಿನದಕ್ಕೆ ನಾಲ್ಕು ಬೆರಳು, ಮುಂದಿನದಕ್ಕೆ ಒಂದೇ ಬೆರಳು. ಬುಡದ ಸಮೀಪ ಮತ್ತೆ ಮುಷ್ಟಿ ಸಲೀಸಾಗಿ ಹೋಯಿತು, ಅಲ್ಲಿನ ಹಿಮ ದಪ್ಪ ಸಕ್ಕರೆಯಂತೆ ಪುಡಿಪುಡಿಯಾಗಿ ಅಂಗೈಯಿಂದ ಸುರಿಯಿತು. ಋತುವಿನ ಆರಂಭದಲ್ಲಿ ತೆಳ್ಳಗೆ ಬಿದ್ದ ಹಿಮ, ಆಮೇಲೆ ಬರುವ ನಿರಭ್ರ ಚಳಿಯ ರಾತ್ರಿಗಳಲ್ಲಿ ಹೀಗೆ ಒಂದಕ್ಕೊಂದು ಅಂಟದ ಹರಳುಗಳಾಗಿ ಬದಲಾಗುತ್ತದೆ. ಅದರ ಮೇಲೆ ಮುಂದೆ ಬೀಳುವ ಭಾರಿ ಹಿಮವೆಲ್ಲ ಸಡಿಲ ನೆಲದ ಮೇಲೆ ನಿಂತ ಹೊರೆ. ಇಳಿಜಾರು 30ರಿಂದ 45 ಡಿಗ್ರಿಯೊಳಗಿದ್ದರೆ ಒಬ್ಬ ಸ್ಕೀಯರ್‌ನ ತೂಕವೂ ಆ ಹೊರೆಯನ್ನು ಕದಲಿಸಬಹುದು. ಉಸ್ತಾದ್ ಏನೂ ವಿವರಿಸಲಿಲ್ಲ. ಗುಂಡಿಯನ್ನು ಮುಚ್ಚಿ, ಗಸ್ತು ತಂಡದವರು ಕಾಯುವ, ಗೊಂಡೋಲಾದ ಕೆಳಗಿನ ಇಳಿಜಾರಿನ ಕಡೆ ಕೈ ತೋರಿಸಿ, ಇವತ್ತು ಅಷ್ಟೇ ಎಂದರು.

ಈಗ ವ್ಯವಹಾರದ ಮಾತು. ಈ ಕಸುಬಿನಲ್ಲಿ ನಮಗೆ ಎಲ್ಲೆಲ್ಲೂ ಕಂಡ ವಾಡಿಕೆಯೆಂದರೆ, ಮಾರ್ಗದರ್ಶಕನು ಗಿರಾಕಿಯನ್ನು ಮೇಲಕ್ಕೆ ಕರೆದೊಯ್ದ ದಿನಕ್ಕೆ ಕೂಲಿ, ಕರೆದೊಯ್ಯದ ದಿನಕ್ಕೆ ಬರಿಗೈ. ಇದರ ಅರ್ಥವನ್ನು ಸ್ವಲ್ಪ ಬಿಡಿಸಿ ನೋಡಬೇಕು. ಸ್ಕೀಯಿಂಗ್ ಋತು ಹೆಚ್ಚೆಂದರೆ ಡಿಸೆಂಬರ್ ಕೊನೆಯಿಂದ ಮಾರ್ಚ್‌ವರೆಗೆ. ಆ ಕೆಲವೇ ವಾರಗಳ ಗಳಿಕೆಯಲ್ಲಿ ವರ್ಷದ ದೊಡ್ಡ ಪಾಲು ನಿಂತಿರುತ್ತದೆ. ಅಂಥವನ ಎದುರು ನಾವು ಮೈಸೂರಿನಲ್ಲಿ ಅಚ್ಚು ಹಾಕಿಸಿದ ಕಾರ್ಯಕ್ರಮ ಪಟ್ಟಿಯನ್ನು ಹಿಡಿದು, ಮೂರನೆಯ ದಿನ ಸುಮಾರು 3,950 ಮೀಟರ್ ಎತ್ತರದ, ಗೊಂಡೋಲಾದ ಎರಡನೇ ಹಂತಕ್ಕೆ ಹೋಗುವುದೆಂದು ಬರೆದಿದೆ, ಹೋಗಬಹುದೇ ಎಂದು ಕೇಳುತ್ತೇವೆ. ಹೌದೆಂದರೆ ಕೂಲಿಯುಂಟು, ಇಲ್ಲವೆಂದರೆ ಕೂಲಿಯಿಲ್ಲ. ಪ್ರಾಮಾಣಿಕ ಉತ್ತರಕ್ಕೆ ದಂಡ ವಿಧಿಸುವ ಇಂಥ ಏರ್ಪಾಟಿನಲ್ಲಿಯೂ ಪ್ರಾಮಾಣಿಕನಾಗಿಯೇ ಉಳಿಯುವವನು ದೊಡ್ಡವನು, ನಿಜ. ಆದರೆ ಪ್ರತಿಯೊಬ್ಬ ಮಾರ್ಗದರ್ಶಕನೂ ದೊಡ್ಡವನಾಗಿರಲಿ ಎಂದು ಆಶಿಸುವುದು ಪ್ರವಾಸ ಸಂಸ್ಥೆಯ ವ್ಯವಸ್ಥೆ ಆಗಲಾರದು.

ಆದ್ದರಿಂದ ತಂಡವು ಅಲ್ಲಿರುವ ಎಲ್ಲ ದಿನಗಳಿಗೂ, ಮೇಲೆ ಹೋಗಲಿ ಬಿಡಲಿ, ಪೂರ್ಣ ಸಂಬಳ ಕೊಡಬೇಕೆಂದು ನಾನು ಕಚೇರಿಯಲ್ಲಿ ಪ್ರಸ್ತಾಪಿಸಿದೆ. ಲೆಕ್ಕಪತ್ರ ವಿಭಾಗದಿಂದ ಬಂದ ಆಕ್ಷೇಪ ನಿರೀಕ್ಷಿತವೇ: ಮಾಡದ ಕೆಲಸಕ್ಕೆ ಬಿಲ್ಲು ಹೇಗೆ? ಗುಂಡಿ ತೋಡಿ ಬೇಡವೆಂದು ಹೇಳುವುದೇ ಕೆಲಸ, ಕರೆದೊಯ್ಯುವುದು ಅದರ ನಂತರದ ಭಾಗ ಎಂದು ವಿವರಿಸಿದೆ. ಸೋಮಾರಿಗಳು ಇದರ ಲಾಭ ಪಡೆಯುವುದಿಲ್ಲವೇ ಎಂಬ ಎರಡನೆಯ ಪ್ರಶ್ನೆ ನ್ಯಾಯವಾದದ್ದು. ಅದಕ್ಕಾಗಿ ಬೇಡವೆಂದ ದಿನ ತಂಡವನ್ನು ಬೇರೆಡೆ ನಡೆಸುವ ಹೊಣೆಯನ್ನೂ ಕರಾರಿನಲ್ಲಿ ಸೇರಿಸಿದೆವು: ದ್ರಂಗ್‌ನ ಹೆಪ್ಪುಗಟ್ಟಿದ ಜಲಪಾತ, ಇಲ್ಲವೇ ಗುಲ್ಮಾರ್ಗ್‌ನ ಬಟ್ಟಲಿನಂಥ ಹುಲ್ಲುಗಾವಲಿನ ಮೆಲು ಇಳಿಜಾರಿನಲ್ಲಿ ಬೀಳುವುದನ್ನೂ ಏಳುವುದನ್ನೂ ಕಲಿಸುವ ಪಾಠ. ಹೊಸಬರಿಗೆ ನಿಜವಾಗಿ ಬೇಕಾದದ್ದು ಈ ಎರಡನೆಯದೇ, ಆದರೆ ಹಾಗೆಂದು ಅವರಿಗೆ ಹೇಳುವಂತಿಲ್ಲ.

2024ರ ಋತು ಈ ಕರಾರನ್ನು ಚೆನ್ನಾಗಿ ಪರೀಕ್ಷಿಸಿತು. ಆ ಜನವರಿಯಲ್ಲಿ ಗುಲ್ಮಾರ್ಗ್‌ನ ಹುಲ್ಲುಗಾವಲು ಬಹುಪಾಲು ಕಂದು ಬಣ್ಣದಲ್ಲೇ ಕಳೆಯಿತು. ಫೆಬ್ರುವರಿ ಆರಂಭಕ್ಕೆ ನಿಗದಿಯಾಗಿದ್ದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದ ಗುಲ್ಮಾರ್ಗ್ ಭಾಗವನ್ನು ಹಿಮವಿಲ್ಲದ ಕಾರಣ ಮುಂದೂಡಿ, ಕೊನೆಗೆ ಅದೇ ತಿಂಗಳ 21ರಿಂದ 25ರವರೆಗೆ ನಡೆಸಲಾಯಿತು. ಒಣ ಅವಧಿಯ ನಂತರ ಹಿಮ ಬಿದ್ದಾಗ ಊರೆಲ್ಲ ಹಬ್ಬ. ಸ್ಥಳೀಯ ಸ್ಕೀಯರ್‌ಗಳಿಗೆ ಮಾತ್ರ ಅತಿ ಹೆಚ್ಚು ಎಚ್ಚರದ ದಿನಗಳು ಅವೇ. ಫೆಬ್ರುವರಿ 22ರಂದು ಸಂಭವಿಸಿದ ಹಿಮಕುಸಿತದಲ್ಲಿ ರಷ್ಯಾದ ಸ್ಕೀಯರ್ ಒಬ್ಬರು ಮೃತಪಟ್ಟರು. ಅದರ ಹಿಂದಿನ ವರ್ಷ, 2023ರ ಫೆಬ್ರುವರಿ 1ರಂದು, ಅಫರ್ವಾತ್‌ನಲ್ಲಿ ಪೋಲೆಂಡಿನ ಇಬ್ಬರು ಹೀಗೆಯೇ ತೀರಿಕೊಂಡಿದ್ದರು. ಹಿಮದಡಿ ಸಿಕ್ಕಿಕೊಂಡವರು ಬದುಕುವ ಸಾಧ್ಯತೆ ಮೊದಲ ಕಾಲು ಗಂಟೆಯ ನಂತರ ಕಡಿದಾಗಿ ಇಳಿಯುತ್ತದೆ. ಹೆಲಿಕಾಪ್ಟರ್ ಬರುವುದಕ್ಕಿಂತ ಮೊದಲೇ ಪಕ್ಕದಲ್ಲಿರುವವನ ಬಳಿ ಹೂತವರ ಜಾಗ ತೋರಿಸುವ ಸಂಕೇತ ಸಾಧನವಾದ ಬೀಕನ್, ಶೋಧನಾ ಕಡ್ಡಿ, ಸಲಿಕೆ ಇರಬೇಕು, ಮತ್ತು ಅವನ್ನು ಬಳಸುವ ಅಭ್ಯಾಸ ಇರಬೇಕು. ಈ ಮೂರೂ ಇಲ್ಲದವರನ್ನು ಉಸ್ತಾದ್ ಗಸ್ತಿನ ಗಡಿ ದಾಟಿಸುವುದಿಲ್ಲ, ಎಷ್ಟೇ ಚೌಕಾಸಿ ಮಾಡಿದರೂ ಸರಿಯೇ. (ಫೆರನ್ ಎಂಬ ನಿಲುವಂಗಿಯೊಳಗೆ ಕೆಂಡದ ಬುಟ್ಟಿಯಾದ ಕಾಂಗ್ರಿ ಇಟ್ಟುಕೊಂಡು ನೆಮ್ಮದಿಯಾಗಿ ಕೂತವರ ಜೊತೆ ಚೌಕಾಸಿ ಮಾಡಿ ಗೆದ್ದ ಮೈಸೂರಿಗರನ್ನು ನಾನಿನ್ನೂ ಕಂಡಿಲ್ಲ.)

ನಿಜ ಹೇಳುವ ಕರ್ತವ್ಯ ಒಂದೇ ಕಡೆಯದಲ್ಲ ಎಂಬುದನ್ನು ಉಸ್ತಾದ್ ನಮಗೆ ಮನವರಿಕೆ ಮಾಡಿಕೊಟ್ಟದ್ದು ಒಂದು ನಮೂನೆಯ ವಿಷಯದಲ್ಲಿ. ಹೊರಡುವ ಮೊದಲೇ ಪ್ರತಿಯೊಬ್ಬರ ತೂಕ, ಎತ್ತರ, ವಯಸ್ಸು ಮತ್ತು ಪಾದದ ಉದ್ದವನ್ನು ಸೆಂಟಿಮೀಟರ್‌ನಲ್ಲಿ ಬರೆದು ಕಳಿಸಬೇಕೆಂಬುದು ಅವರ ಷರತ್ತು. ಬಿದ್ದಾಗ ಬೂಟನ್ನು ಸ್ಕೀಯಿಂದ ಬಿಡಿಸುವ ಬೈಂಡಿಂಗ್‌ನ ಬಿಗಿತವನ್ನು ಈ ಅಂಕಿಗಳ ಮೇಲೆಯೇ ಹೊಂದಿಸುತ್ತಾರೆ. ಬಿಗಿಯಾದರೆ ಮೊಣಕಾಲು ತಿರುಚುತ್ತದೆ, ಸಡಿಲವಾದರೆ ತಿರುವಿನ ನಡುವೆ ಸ್ಕೀ ಕಳಚುತ್ತದೆ. ನಮ್ಮವರು ತೂಕವನ್ನು ಕಡಿಮೆ ಮಾಡಿ ಬರೆಯುವುದರಲ್ಲಿ ನಿಸ್ಸೀಮರು. ಆದ್ದರಿಂದ ಈಗ ಕಚೇರಿಯಲ್ಲೇ ತೂಕದ ಯಂತ್ರವಿದೆ. ತೂಗಿದ ಅಂಕಿಯನ್ನು ಗಂಡನಿಗೂ ಹೆಂಡತಿಗೂ ತೋರಿಸದೆ ನೇರವಾಗಿ ನಮೂನೆಗೆ ಏರಿಸುತ್ತೇವೆ. ಚಳಿಯೆಂದು ಎರಡು ಜೊತೆ ಕಾಲುಚೀಲ ಹಾಕಬಾರದು, ತೆಳುವಾದ ಒಂದೇ ಸಾಕು ಎಂಬ ಸೂಚನೆಯೂ ಅದೇ ಹಾಳೆಯಲ್ಲಿದೆ. ದಪ್ಪ ಕಾಲುಚೀಲ ಬೂಟಿನೊಳಗೆ ರಕ್ತಸಂಚಾರವನ್ನು ತಡೆದು ಚಳಿಯನ್ನು ಹೆಚ್ಚಿಸುತ್ತದೆ ಎಂಬುದನ್ನು ಹಿರಿಯರಿಗೆ ಒಪ್ಪಿಸುವುದು ಹಿಮಕುಸಿತದ ವಿಜ್ಞಾನಕ್ಕಿಂತ ಕಷ್ಟ.

ಪೂರ್ಣ ಸಂಬಳದ ಕರಾರಿನಿಂದ ನಮ್ಮ ದರ ಪೇಟೆಯ ದರಕ್ಕಿಂತ ಸ್ವಲ್ಪ ಮೇಲಿದೆ. ದರಪಟ್ಟಿಯಲ್ಲಿ ಮಾರ್ಗದರ್ಶಕರ ವೇತನವನ್ನು ಮರೆಮಾಚದೆ ಪ್ರತ್ಯೇಕ ಸಾಲಿನಲ್ಲಿ ತೋರಿಸುತ್ತೇವೆ; ಮೇಲೆ ಹೋಗದ ದಿನಕ್ಕೂ ಅದು ಸಲ್ಲುತ್ತದೆ ಎಂದು ಅಲ್ಲೇ ಬರೆದಿರುತ್ತದೆ. ಆ ಸಾಲನ್ನು ಓದಿ ಬೇರೆ ಕಚೇರಿಗೆ ಹೋದ ತಂಡಗಳಿವೆ, ವಿವರ ಕೇಳಿ ಅಂದೇ ಮುಂಗಡ ಕಟ್ಟಿದವರೂ ಇದ್ದಾರೆ. ಬರುವ ಋತುವಿಗೆ ಉಸ್ತಾದ್ ತಮ್ಮ ಜೊತೆ ಕಿರಿಯನೊಬ್ಬನನ್ನು ಸೇರಿಸಿಕೊಳ್ಳಬೇಕೆಂದೂ, ಅವನಿಗೂ ಇದೇ ಷರತ್ತು ಅನ್ವಯಿಸಬೇಕೆಂದೂ ಕೇಳಿದ್ದಾರೆ. ಲೆಕ್ಕಪತ್ರ ವಿಭಾಗ ಈ ಸಲ ಪ್ರಶ್ನೆ ಹಾಕದೆ ಸಹಿ ಮಾಡಿದೆ.