ಪೋಕರ್ ಲೀಗಿನ ಫೈನಲ್ ಚರಿತ್ರೆ: ಕೆಲಸ ಎಲ್ಲಿಗೆ ಬಂತು

ಶಿರಸಿಯ ನಮ್ಮ ಪೋಕರ್ ಬಳಗದ ವಾರ್ಷಿಕ ಫೈನಲ್‌ಗಳನ್ನು ದಾಖಲಿಸುವ ಕೆಲಸ ಈ ಮಳೆಗಾಲದಲ್ಲಿ ಚೆನ್ನಾಗಿ ಸಾಗಿದೆ. ಅಂಕಪಟ್ಟಿಗಳೆಲ್ಲ ಕಂಪ್ಯೂಟರಿಗೆ ಏರಿವೆ. ನಮ್ಮದು ದುಡ್ಡು ಕಟ್ಟದ ಆಟ. ಗೆದ್ದವರಿಗೆ ಸಿಗುವುದು ಹಲಸಿನ ಮರದ ಫಲಕದಲ್ಲಿ ಒಂದು ಹೆಸರು, ಅಷ್ಟೇ. ಹಾಗಿರುವಾಗ ಆ ಹೆಸರು ಅಲ್ಲಿಗೆ ಹೇಗೆ ಬಂತೆಂಬುದು ಸರಿಯಾಗಿ ಉಳಿಯಲೇಬೇಕು.

ನಿಯಮ ಬರೆಯದೆ ಹೆಸರು ಮಾತ್ರ ಬರೆದರೆ ಅದು ಅರ್ಧ ಚರಿತ್ರೆ. ಲಾಸ್ ವೇಗಸ್‌ನ ವರ್ಲ್ಡ್ ಸೀರೀಸ್ ಆಫ್ ಪೋಕರ್‌ನಲ್ಲಿ 1970ರ ಮೊದಲ ಚಾಂಪಿಯನ್ ಜಾನಿ ಮಾಸ್ ಅವರನ್ನು ಆರಿಸಿದ್ದು ಆಟಗಾರರ ಮತ. ಒಬ್ಬರೇ ಉಳಿಯುವವರೆಗೆ ಆಡುವ ಪದ್ಧತಿ ಬಂದದ್ದು 1971ರಲ್ಲಿ, ಅದನ್ನೂ ಮಾಸ್ ಗೆದ್ದರು. ಪಟ್ಟ ಒಂದೇ, ಗೆಲುವು ಬೇರೆ ಬೇರೆ. ನಮ್ಮಲ್ಲೂ ಮೊದಮೊದಲು ವರ್ಷವಿಡೀ ಕೂಡಿಸಿದ ಅಂಕ ಯಾರದು ಹೆಚ್ಚೋ ಅವರೇ ಚಾಂಪಿಯನ್. ಅಂಕಕ್ಕೆ ತಕ್ಕಷ್ಟು ಚಿಪ್ಸ್ (ಪಣಕ್ಕಿಡುವ ಬಿಲ್ಲೆ) ಹಿಡಿದು ಫೈನಲ್‌ಗೆ ಕೂರುವ ಕ್ರಮ ಆಮೇಲಿನದು. ಆದ್ದರಿಂದ ಪ್ರತಿ ಹೆಸರಿನ ಪಕ್ಕ ಆ ವರ್ಷದ ನಿಯಮಕ್ಕೂ ಒಂದು ಅಂಕಣ ಹಾಕಿದ್ದೇನೆ.

ಚಿಪ್ಸ್ ಬರುವ ಮೊದಲು ಅಡಿಕೆಯೇ ಎಲ್ಲ. ಅಡಿಕೆಯ ಬಗೆ ನೋಡಿ ಬೆಲೆ: ಚಾಲಿಗೆ 5, ರಾಶಿಗೆ 25, ಬೆಟ್ಟೆಗೆ 100. ಮನೆಮನೆಯಲ್ಲೂ ಅಡಿಕೆ ಚೀಲವಿರುವ ಊರಲ್ಲಿ ಲೆಕ್ಕ ತಪ್ಪಬಾರದೆಂದು ಪ್ರತಿ ವಿರಾಮದಲ್ಲೂ ಎಲ್ಲರ ಮುಂದಿದ್ದುದನ್ನು ಎಣಿಸಿ ಚೀಟಿಯಲ್ಲಿ ಬರೆದಿಡುತ್ತಿದ್ದರು. ಅಡಿಕೆಯ ಕಲೆ ಹತ್ತಿದ ಆ ಚೀಟಿಗಳೇ ಇವತ್ತು ನನಗೆ ದೊಡ್ಡ ಆಧಾರ. ಮರದ ಚಿಪ್ಸ್ ಬಂದ ಮೇಲೆ ಪ್ರತಿ ವಿರಾಮದಲ್ಲೂ ಎಣಿಸಿ ಬರೆಯುವ ರೂಢಿ ತಪ್ಪಿತು, ಹಾಗಾಗಿ ಹಳೆಯ ಫೈನಲ್‌ಗಳೇ ಹೆಚ್ಚು ಸ್ಪಷ್ಟವಾಗಿ ಸಿಗುತ್ತಿವೆ.

ಇಸವಿ ಇಲ್ಲದ ಹಾಳೆಯೊಂದು ತುಂಬ ಕಾಡಿತ್ತು. ಅಂಚಿನಲ್ಲಿ 'ಜಾತ್ರೆ ವರ್ಷ' ಎಂದಷ್ಟೇ ಇತ್ತು. ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ: 2018, 2020, 2022. 2018ರಲ್ಲಿ ಇನ್ನೂ ಅಡಿಕೆಯಲ್ಲೇ ಆಡುತ್ತಿದ್ದೆವು, ಹಾಳೆಯಲ್ಲಿ ಇರುವುದು ಚಿಪ್ಸ್ ಲೆಕ್ಕ. 2020ರಲ್ಲಿ ಜಾತ್ರೆಯ ಬೆನ್ನಿಗೇ ಲಾಕ್‌ಡೌನ್, ಫೈನಲ್ ನಡೆಯಲೇ ಇಲ್ಲ. ಉಳಿದದ್ದು 2022. ಇದು ಹೊಂದಿದ ದಿನ ನನಗಾದ ಖುಷಿ ಅಷ್ಟಿಷ್ಟಲ್ಲ.

ತೋಟಕ್ಕೆ ಮದ್ದು ಹೊಡೆಯಲಾಗದಂಥ ಜಡಿಮಳೆಯ ಭಾನುವಾರ ಆ ಫೈನಲ್. ಕೊನೆಗೆ ಉಳಿದವರು ಸಿದ್ದಾಪುರದ ಮೇಷ್ಟ್ರು ಮತ್ತು ದೇವಿಮನೆ ಘಟ್ಟ ಹತ್ತಿ ಬಂದಿದ್ದ ಕುಮಟಾದ ಗೆಳೆಯರು. ಮೇಷ್ಟ್ರ ಕೈಯಲ್ಲಿ ಎರಡು ಎಕ್ಕ, ಇಸ್ಪೀಟಿನದೊಂದು, ಕಳಾವರದ್ದೊಂದು. ಕುಮಟಾದವರದು ಆಟೀನಿನ ಏಳು, ಎಂಟು. ಫ್ಲಾಪ್‌ನಲ್ಲಿ, ಅಂದರೆ ಇಬ್ಬರಿಗೂ ಸೇರುವಂತೆ ನಡುವೆ ತೆರೆಯುವ ಮೊದಲ ಮೂರು ಎಲೆಗಳಲ್ಲಿ, ಬಿದ್ದವು ಆಟೀನಿನ ಆರು, ಒಂಬತ್ತು, ಡೈಮಂಡ್ ಎಕ್ಕ. ಇಬ್ಬರೂ ಆಲ್-ಇನ್, ಇದ್ದ ಚಿಪ್ಸೆಲ್ಲ ಪಣಕ್ಕೆ. ನಾಲ್ಕನೆಯ ಎಲೆ ಟರ್ನ್‌ಗೆ ಕಳಾವರ ರಾಣಿ ಬಂದಾಗ ಉಳಿದ 44 ಎಲೆಗಳಲ್ಲಿ ಕುಮಟಾದವರನ್ನು ಗೆಲ್ಲಿಸುವಂಥವು 13. ಐದು ಆಟೀನು ಕೂಡಿದರೆ ಮೂರು ಎಕ್ಕಕ್ಕಿಂತ ಮೇಲು, ಆದರೂ ಆಟೀನು ಯಾವುದು ಬಂದರೂ ಸಾಕು ಎನ್ನುವಂತಿಲ್ಲ: ಆಟೀನು ರಾಣಿ ಬಂದರೆ ಮೇಷ್ಟ್ರಿಗೆ ಅದಕ್ಕೂ ಮೇಲಿನ ಫುಲ್ ಹೌಸ್ (ಮೂರು ಎಕ್ಕ, ಎರಡು ರಾಣಿ), ಆಟೀನು ಎಕ್ಕ ಬಂದರೆ ನಾಲ್ಕು ಎಕ್ಕ. ಕೊನೆಯ ಎಲೆ ರಿವರ್‌ನಲ್ಲಿ ಬಂತು ಡೈಮಂಡ್ ಹತ್ತು. ಆರರಿಂದ ಹತ್ತರವರೆಗೆ ಸಾಲು ಕೂಡಿ ಮೂರು ಎಕ್ಕವನ್ನು ಮೀರಿತು, ಫಲಕ ಘಟ್ಟ ಇಳಿಯಿತು.

ಈ ಕೈಯನ್ನು ಇಬ್ಬರಿಂದಲೂ ಬೇರೆ ಬೇರೆಯಾಗಿ ಕೇಳಿ ಬರೆದುಕೊಂಡೆ, ಎಲೆಗಳು ತಾಳೆಯಾದವು. ಇನ್ನು ಬಾಕಿ ಇರುವುದು ಅಂಕದಿಂದ ಫೈನಲ್‌ಗೆ ಬದಲಾದ ವರ್ಷದ ಸಭೆಯ ವಿವರ. ಆ ಸಭೆಯಲ್ಲಿ ಕೂತಿದ್ದವರು ದಯವಿಟ್ಟು ಹಳೆ ಡೈರಿ ತೆಗೆದು ನೋಡಿ, ಮದ್ದು ಹೊಡೆದು ಮುಗಿದ ಮೇಲೆ ನಾನೇ ಮನೆಗೆ ಬರುತ್ತೇನೆ.