ಎಲ್ಲಿಗೆ ಎಂದು ಕೇಳದವರು

ಹೋದ ಮಳೆಗಾಲದಲ್ಲಿ ನಮ್ಮ ಮಾಸ್ಟ್ರು ದೈವಾಧೀನರಾದರು. ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಶಾಲೆಯಿಂದ ಫೋನು ಬಂದಾಗ ಬೇರೆ ಯಾವ ವಿಷಯವೂ ನನ್ನ ತಲೆಗೆ ಬರಲಿಲ್ಲ. ಹೈಸ್ಕೂಲಿನ ಮೂರು ವರ್ಷವೂ ಅವರು ನಮಗೆ ಕನ್ನಡ ಕಲಿಸಿದರು. ಆ ಪುಸ್ತಕದಲ್ಲಿ ಯಾವ ಪಾಠಗಳಿದ್ದವು ಎಂದು ಈಗ ಕೇಳಿದರೆ ಒಂದನ್ನೂ ಹೇಳಲಾರೆ. ಆದರೆ ಶುಕ್ರವಾರದ ಕೊನೆಯ ಪೀರಿಯಡ್ ಮಾತ್ರ ನಿನ್ನೆ ಮೊನ್ನೆ ನಡೆದಂತಿದೆ. ಕ್ರೈಸ್ತ ಮಕ್ಕಳಿಗೆ ಧರ್ಮೋಪದೇಶ, ಉಳಿದವರಿಗೆ ಪಕ್ಕದ ಕೋಣೆಯಲ್ಲಿ ನೀತಿಪಾಠ. ದಸರಾ ರಜೆ ಮುಗಿಯುವ ಹೊತ್ತಿಗೆ ನೀತಿಪಾಠದ ಹುಡುಗರೂ ಒಬ್ಬೊಬ್ಬರಾಗಿ ಬಂದು ನಮ್ಮ ಹಿಂದಿನ ಬೆಂಚುಗಳಲ್ಲಿ ಕೂತಿರುತ್ತಿದ್ದರು. ಮಾಸ್ಟ್ರು ಯಾರನ್ನೂ ಬರಬೇಡಿ ಎನ್ನಲಿಲ್ಲ, ಯಾರನ್ನೂ ಕರೆಯಲೂ ಇಲ್ಲ.

ತೆಳ್ಳಗಿನ ಮನುಷ್ಯ. ಬಿಳಿ ಅರ್ಧ ತೋಳಿನ ಅಂಗಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೋಳಿಗೆ ಸಿಕ್ಕಿಸಿದ ಕರಿ ಕೊಡೆ, ಜೇಬಿನಲ್ಲಿ ಜಿಗಣೆಗೆಂದು ಕಾಗದದಲ್ಲಿ ಮಡಚಿಟ್ಟ ಉಪ್ಪು. ಬೋರ್ಡಿಂಗಿನ ವಾರ್ಡನ್ನೂ ಅವರೇ. ಹರೆಯದಲ್ಲಿ ಫಾದರ್ ಆಗಬೇಕೆಂದು ಸೆಮಿನರಿ ಸೇರಿ, ಕೆಲವು ವರ್ಷ ಓದಿ, ಹೊರಗೆ ಬಂದವರು. ಸೆಮಿನರಿ ಬಿಟ್ಟು ಬಂದವರನ್ನು ಊರು ಹೇಗೆ ನೋಡುತ್ತದೆ ಎಂದು ನಮ್ಮ ಕಡೆಯ ಕಥೋಲಿಕ ಮನೆಗಳಲ್ಲಿ ಬೆಳೆದವರಿಗೆ ಹೇಳಬೇಕಾಗಿಲ್ಲ. ಮದುವೆ ಮನೆಗಳಲ್ಲಿ ಅವರ ಬೆನ್ನ ಹಿಂದೆ ಆಡುವ ಮಾತನ್ನು ನಾನೇ ಕೇಳಿದ್ದೇನೆ. ಒಮ್ಮೆ ನಮ್ಮಲ್ಲೊಬ್ಬ ಧೈರ್ಯ ಮಾಡಿ ನೇರವಾಗಿ ಕೇಳಿದ, ನಿಮಗೆ ದೈವಕರೆ ಇರಲಿಲ್ಲವಾ ಸಾರ್ ಅಂತ. ಅವರು ಸಿಟ್ಟಾಗಲಿಲ್ಲ. "ಹೋಗು ಅಂದ, ಹೋದೆ. ಎದ್ದು ಬಾ ಅಂದ, ಬಂದೆ. ಎರಡೂ ಅವನ ಮಾತೇ. ಮೊದಲನೆಯದನ್ನು ಮಾತ್ರ ಕರೆ ಅನ್ನುವುದು ಜನರ ಲೆಕ್ಕ" ಎಂದರು. ಹದಿನಾಲ್ಕರ ವಯಸ್ಸಿನಲ್ಲಿ ಆ ಮಾತು ನನಗೆ ಪೂರ್ತಿ ಅರ್ಥವಾಗಿರಲಿಕ್ಕಿಲ್ಲ. ಆದರೆ ಅಂದಿನಿಂದ ಅವರು ಹೇಳಿದ್ದನ್ನೆಲ್ಲ ನಾನು ಬೇರೆ ಕಿವಿಯಿಂದ ಕೇಳತೊಡಗಿದೆ.

ನಮ್ಮ ಪಿ.ಟಿ. ಮಾಸ್ಟ್ರನ್ನೂ ಇಲ್ಲಿ ನೆನೆಯಲೇಬೇಕು. ಕೊಡವರು, ಸೈನ್ಯದಲ್ಲಿ ಸುಬೇದಾರರಾಗಿ ನಿವೃತ್ತರಾದವರು. ಮಳೆಗೆ ಮೈದಾನ ಕೆಸರಾಗಿ ಹಾಕಿ ಆಟ ನಿಂತುಹೋದ ಒಂದು ಶುಕ್ರವಾರ ಅವರೂ ನಮ್ಮ ಕೋಣೆಗೆ ಬಂದು ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡರು. ಪಾಠ ಅಬ್ರಹಾಮನದು. ಎಪ್ಪತ್ತೈದು ವರ್ಷದವನು, ಹಾರಾನಿನಲ್ಲಿ ಆಸ್ತಿ, ದನಕರು, ಆಳುಕಾಳು ಎಲ್ಲ ಕಂಡವನು. ನಾನು ತೋರಿಸುವ ನಾಡಿಗೆ ಹೊರಡು ಎಂಬ ಒಂದೇ ಮಾತಿಗೆ ಹೆಂಡತಿಯನ್ನೂ ಸಹೋದರನ ಮಗನನ್ನೂ ಕರೆದುಕೊಂಡು ಹೊರಟುಬಿಟ್ಟ. ನಾಡಿನ ಹೆಸರು ಹೇಳಿರಲಿಲ್ಲ, ದೂರ ಹೇಳಿರಲಿಲ್ಲ. "ಅಡ್ರೆಸ್ ಇಲ್ಲದೆ ಹೇಗೆ ಹೋದ ಸಾರ್?" ಎಂದು ಮುಂದಿನ ಬೆಂಚಿನಿಂದ ಪ್ರಶ್ನೆ ಬಂತು.

ಮಾಸ್ಟ್ರು ಬಾಯಿ ತೆರೆಯುವ ಮೊದಲೇ ಬಾಗಿಲ ಹತ್ತಿರದಿಂದ ಉತ್ತರ ಬಂತು. "ಅದರಲ್ಲಿ ಎಂಥ ಆಶ್ಚರ್ಯ? ನಮಗೂ ಹಾಗೇ. ರಾತ್ರಿ ಆರ್ಡರ್ ಬರುತ್ತದೆ, ಟ್ರಂಕ್ ಕಟ್ಟು ಅಂತ. ಎಲ್ಲಿಗೆ ಅಂತ ಬರುವುದಿಲ್ಲ. ರೈಲು ಹತ್ತಿ ಎರಡು ದಿನ ಕಳೆದು ಚಳಿ ಜಾಸ್ತಿಯಾದಾಗ ಓಹೋ, ಮೇಲಕ್ಕೆ ಹೋಗುತ್ತಿದ್ದೇವೆ ಅಂತ ತಿಳಿಯುವುದು. ಆರ್ಡರ್ ಕೊಟ್ಟವರು ಯಾರು ಅಂತ ಗೊತ್ತಿದ್ದರೆ ಆಯ್ತು." ಆಮೇಲೆ ಜನರಲ್ ತಿಮ್ಮಯ್ಯನವರ ಮಾತು ತೆಗೆದರು. ಸೇನಾ ಮುಖ್ಯಸ್ಥರಾಗಿ 1961ರಲ್ಲಿ ನಿವೃತ್ತರಾದ ಮನುಷ್ಯ, ವಿಶ್ವಸಂಸ್ಥೆ ಕರೆಯಿತೆಂದು 1964ರಲ್ಲಿ ಸೈಪ್ರಸ್‌ಗೆ ಹೋದರು, 1965ರ ಡಿಸೆಂಬರಿನಲ್ಲಿ ಅಲ್ಲೇ ಕಣ್ಣು ಮುಚ್ಚಿದರು. ಮಡಿಕೇರಿಯಲ್ಲಿ ಹುಟ್ಟಿದವರಿಗೆ ಸೈಪ್ರಸ್ ಎಲ್ಲಿ ಗೊತ್ತಿತ್ತು ಎಂದು ಸುಬೇದಾರರು ಕೇಳಿದಾಗ ಇಡೀ ತರಗತಿ ಸುಮ್ಮನಾಯಿತು. ನಮ್ಮ ಮಾಸ್ಟ್ರು ಬೈಬಲ್ ಮುಚ್ಚಿ, "ಇವತ್ತಿನ ಪಾಠ ಇವರೇ ಮುಗಿಸಿದರು" ಎಂದರು. ತನ್ನ ಧರ್ಮದ ಪಾಠವನ್ನು ಇನ್ನೊಬ್ಬರ ಬಾಯಿಂದ ಕೇಳಿ ಅಷ್ಟು ಸಂತೋಷಪಟ್ಟ ಉಪಾಧ್ಯಾಯರನ್ನು ನಾನು ಮತ್ತೆ ಕಾಣಲಿಲ್ಲ.

ಈಗ ಸಮುವೇಲನ ಪ್ರಕರಣ. ನಮ್ಮ ಬ್ಯಾಚಿನವರು ಎಲ್ಲಿ ಸೇರಿದರೂ ಮೊದಲು ಏಳುವ ಮಾತು ಇದೇ. ಬಾಲಕ ಸಮುವೇಲ ದೇವಾಲಯದಲ್ಲಿ ಮಲಗಿರುವಾಗ ಯಾರೋ ಹೆಸರು ಹಿಡಿದು ಕರೆಯುತ್ತಾರೆ. ಮುದಿ ಯಾಜಕ ಏಲಿ ಕರೆದನೆಂದು ಎದ್ದು ಓಡುತ್ತಾನೆ. ನಾನು ಕರೆಯಲಿಲ್ಲ, ಹೋಗಿ ಮಲಗು ಎನ್ನುತ್ತಾನೆ ಏಲಿ. ಹೀಗೆ ಮೂರು ಸಲ. ಮೂರನೆಯ ಸಲ ಇದು ದೇವರ ಕರೆ ಎಂದು ಏಲಿಗೆ ಹೊಳೆಯುತ್ತದೆ. ಇನ್ನೊಮ್ಮೆ ಕರೆದರೆ, ಅಪ್ಪಣೆಯಾಗಲಿ ಪ್ರಭು, ದಾಸನು ಕೇಳುತ್ತಿದ್ದಾನೆ ಎನ್ನು ಎಂದು ಹೇಳಿಕೊಡುತ್ತಾನೆ. ಈ ಪಾಠವಾದ ರಾತ್ರಿ ಬೋರ್ಡಿಂಗಿನಲ್ಲಿ ಕರೆಂಟಿರಲಿಲ್ಲ. ಜುಲೈ ತಿಂಗಳ ಮಳೆ. ಮಾಸ್ಟ್ರ ದನಿಯನ್ನು ಹಾಗೆ ಹಾಗೇ ತೆಗೆಯಬಲ್ಲವನೊಬ್ಬ ನಮ್ಮಲ್ಲಿದ್ದ. ಉಪಾಯ ನನ್ನದು. ಸಿದ್ದಾಪುರ ಕಡೆಯ ಎಸ್ಟೇಟ್ ಲೈನ್ ಮನೆಯಿಂದ, ಅಂದರೆ ತೋಟದ ಕಾರ್ಮಿಕರ ಸಾಲು ಮನೆಯಿಂದ, ಬಂದ ಒಬ್ಬ ಸಾಧು ಹುಡುಗ ಕಿಟಕಿಯ ಬದಿಗೆ ಮಲಗುತ್ತಿದ್ದ. ನಾವು ಮೂವರು ಹೊರಗೆ ಸೌದೆ ಕೊಟ್ಟಿಗೆಯ ಮಾಡಿನ ಕೆಳಗೆ ನಿಂತು ಅವನ ಹೆಸರು ಕರೆದೆವು.

ಅವನು ಎದ್ದ. ಕಂಬಳಿ ಹೊದ್ದುಕೊಂಡೇ ವರಾಂಡದ ಕೊನೆಯ ಕೋಣೆಗೆ ಹೋಗಿ, "ಕರೆದಿರಾ ಸಾರ್?" ಎಂದು ಬಾಗಿಲು ತಟ್ಟಿದ. ಇಲ್ಲ, ಹೋಗಿ ಮಲಗು ಎಂದರು ಮಾಸ್ಟ್ರು. ಎರಡನೆಯ ಸಲವೂ ಹಾಗೇ. ಮೂರನೆಯ ಸಲ ಅವರಿಗೆ ವಿಷಯ ಹೊಳೆದಿರಬೇಕು. ನಾವು ನಾಲ್ಕನೆಯ ಸಲ ಕರೆಯಲು ಉಸಿರೆಳೆದುಕೊಳ್ಳುವಾಗ ನಮ್ಮ ಬೆನ್ನ ಹಿಂದೆ, ಸೌದೆ ರಾಶಿಯ ಆಚೆಯಿಂದ, ಗಂಭೀರವಾದ ದನಿಯೊಂದು ಕೇಳಿತು: "ಅಪ್ಪಣೆಯಾಗಲಿ ಪ್ರಭು, ದಾಸನು ಕೇಳುತ್ತಿದ್ದಾನೆ!"

ಓಡಿದ ಓಟ ಕಾಫಿ ತೋಟದ ಒಳಗೆ ನಿಂತಿತು. ಅವರು ಟಾರ್ಚ್ ಹಿಡಿದು ಹುಡುಕಿಕೊಂಡು ಬಂದರು. ಒಂದು ಏಟೂ ಹಾಕಲಿಲ್ಲ. ಜೇಬಿನ ಉಪ್ಪು ತೆಗೆದು ಒಬ್ಬೊಬ್ಬರ ಕಾಲಿನ ಜಿಗಣೆ ಬಿಡಿಸಿದರು. ಶಿಕ್ಷೆ ಅಂದರೆ ಶನಿವಾರ ಪೂರ್ತಿ ಸೌದೆ ಒಡೆಯುವುದು, ಆ ಅಧ್ಯಾಯ ಬಾಯಿಪಾಠ ಒಪ್ಪಿಸುವುದು. ಹಾಗಾಗಿ ಆ ಅಧ್ಯಾಯ ಇವತ್ತಿಗೂ ನನಗೆ ಬರುತ್ತದೆ. ಅದರ ಕೊನೆಯತ್ತ ಯಾರೂ ಗಮನಿಸದ ಒಂದು ವಾಕ್ಯವಿದೆ, ಅದನ್ನು ತೋರಿಸಿಕೊಟ್ಟವರು ಅವರು. ದೇವರು ಸಮುವೇಲನಿಗೆ ಆ ರಾತ್ರಿ ಹೇಳಿದ್ದು ಅವನ ಭವಿಷ್ಯವಲ್ಲ. ಸಾಕಿದ ಏಲಿಯ ಮನೆತನಕ್ಕೆ ಬರಲಿರುವ ಕೇಡು. ಅಂಥ ಸುದ್ದಿ ಹೊತ್ತುಕೊಂಡು ಹುಡುಗ ಬೆಳಗಿನ ತನಕ ಮಲಗಿದ್ದ. ಬೆಳಗಾದ ಮೇಲೆ ಎದ್ದು ದೇವಾಲಯದ ಬಾಗಿಲುಗಳನ್ನು ತೆರೆದ. "ಅಷ್ಟು ದೊಡ್ಡ ಕರೆ ಬಂದ ಮಾರನೇ ದಿನ ಅವನು ಮಾಡಿದ್ದು ಎಂಥ? ಬಾಗಿಲು ತೆರೆಯುವುದು ಅವನ ಕೆಲಸ, ತೆರೆದ" ಎಂದು ಮಾಸ್ಟ್ರು ಹೇಳಿದರು. ಆಮೇಲೆ ನಮ್ಮ ಲೈನ್ ಮನೆಯ ಗೆಳೆಯನ ಕಡೆ ಕೈ ತೋರಿಸಿ, "ಇವನು ಮೂರು ಸಲವೂ ಎದ್ದು ಬಂದ, ನೀವು ಮೂವರು ನೋಡಿ ಕಲಿಯಿರಿ" ಎಂದರು.

ವಿರಾಜಪೇಟೆಯ ಸಂತ ಅನ್ನಮ್ಮನವರ ದೇವಾಲಯಕ್ಕೆ ಕರೆದುಕೊಂಡು ಹೋದಾಗಲೂ ಅವರು ಇದೇ ಎಳೆ ಹಿಡಿದರು. 1784ರಲ್ಲಿ ಕರಾವಳಿಯಿಂದ ಶ್ರೀರಂಗಪಟ್ಟಣಕ್ಕೆ ಸೆರೆ ಹೋದ ಕ್ರೈಸ್ತರಲ್ಲಿ ತಪ್ಪಿಸಿಕೊಂಡು ಬಂದ ಕೆಲವರಿಗೆ ಕೊಡಗಿನ ದೊರೆ ದೊಡ್ಡ ವೀರರಾಜೇಂದ್ರ ಇಲ್ಲಿ ನೆಲೆ ಕೊಟ್ಟ. ಆ ದೊರೆಯೂ ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದವನೇ. ದೇವಾಲಯ 1792ರದ್ದು. ಊರು ಕಟ್ಟಿದ್ದೂ ಅದೇ ಕಾಲ. "ನಮ್ಮ ಹಿರಿಯರು ವಿರಾಜಪೇಟೆಯನ್ನು ಹುಡುಕಿಕೊಂಡು ಬಂದವರಲ್ಲ ಮಕ್ಕಳೇ, ಅವರು ಹೊರಟಾಗ ವಿರಾಜಪೇಟೆಯೇ ಇರಲಿಲ್ಲ" ಎಂದು ಅವರು ಮೆಟ್ಟಿಲ ಮೇಲೆ ನಿಂತು ಹೇಳಿದ್ದು ನನ್ನ ಕಿವಿಯಲ್ಲಿದೆ. ಇನ್ನೊಮ್ಮೆ ಅಮ್ಮತ್ತಿ ಕಡೆಯ ಆನಂದಪುರಕ್ಕೆ ಹೋಗಿದ್ದೆವು. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ಮಂಗಳೂರು ಸಮಾಚಾರ ಹೊರಡಿಸಿದ ಜರ್ಮನ್ ಮಿಷನರಿ ಹರ್ಮನ್ ಮೊಗ್ಲಿಂಗ್ ಕೊಡಗಿಗೆ ಬಂದು ಸೇವೆ ಮಾಡಿದ ಜಾಗ. ಮೊಗ್ಲಿಂಗ್ ಪ್ರೊಟೆಸ್ಟಂಟ್, ನಾವು ಕಥೋಲಿಕರು, ಮಾಸ್ಟ್ರಿಗೆ ಅದೊಂದು ವಿಷಯವೇ ಆಗಿರಲಿಲ್ಲ. ಆತ 1860ರಲ್ಲಿ ಊರಿಗೆ ಮರಳಿದವರು ಮತ್ತೆ ಈ ನೆಲಕ್ಕೆ ಬರಲಿಲ್ಲ, ತಾನು ಬಿತ್ತಿದ್ದು ಏನಾಯಿತೆಂದು ಕಣ್ಣಾರೆ ನೋಡಲಿಲ್ಲ ಎಂದಷ್ಟೇ ಹೇಳಿದರು.

ನನ್ನ ವಿಷಯಕ್ಕೆ ಬರುತ್ತೇನೆ. ನಮ್ಮಪ್ಪ ಎಸ್ಟೇಟ್ ರೈಟರ್, ತೋಟದ ಲೆಕ್ಕ ಬರೆಯುವ ಕೆಲಸ. 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಅಲ್ಲಿಯ ಕಾಫಿ ಗಿಡಗಳು ಸುಟ್ಟಾಗ ಇಲ್ಲಿ ಬೆಲೆ ಏರಿ ಹೊಸ ಜೀಪುಗಳು ಬಂದಿದ್ದವು. ನಾನು ಎಸ್ಸೆಸ್ಸೆಲ್ಸಿ ಮುಗಿಸಿದ 2001ರ ಹೊತ್ತಿಗೆ ಅದೇ ಬೆಲೆ ಪಾತಾಳ ಕಂಡಿತ್ತು. ಅಪ್ಪನ ಕೆಲಸ ಹೋಯಿತು. ಸೈನ್ಸ್ ಓದುವ ಆಸೆ ಅಲ್ಲಿಗೆ ಮುಗಿಯಿತು. ನಾನು ತರಗತಿಗೆ ಎರಡನೆಯವನು. ನನಗಿಂತ ಕಡಿಮೆ ಅಂಕ ಬಂದವರು ಮಂಗಳೂರಿಗೆ ಹೊರಟಿದ್ದರು. ಮಾಸ್ಟ್ರ ಮುಂದೆ ಕೂತು, ಅವರಿಗೆಲ್ಲ ದಾರಿ ಆಯ್ತು, ನನಗೆ ಎಂಥ ಎಂದು ಕೇಳಿದೆ. ಅವರು ಯೊವಾನ್ನರ ಶುಭಸಂದೇಶದ ಕೊನೆಯ ಅಧ್ಯಾಯ ತೆಗೆದು ಓದಿಸಿದರು. ಪೇತ್ರ ಇನ್ನೊಬ್ಬ ಶಿಷ್ಯನನ್ನು ತೋರಿಸಿ, ಇವನ ವಿಷಯವೇನು ಪ್ರಭು ಎನ್ನುತ್ತಾನೆ. ಅದರಿಂದ ನಿನಗೇನು, ನೀನು ನನ್ನನ್ನು ಹಿಂಬಾಲಿಸು ಎಂದು ಯೇಸುಸ್ವಾಮಿ ಉತ್ತರ ಕೊಡುತ್ತಾರೆ. ಓದಿಸಿ ಮುಗಿದ ಮೇಲೆ ಮಾಸ್ಟ್ರು, "ನಾಳೆ ಬೆಳಿಗ್ಗೆ ಡಿಸ್ಪೆನ್ಸರಿಯ ಸಿಸ್ಟರ್ ಜೊತೆ ಹೋಗು. ಲೈನಿನಲ್ಲಿ ಒಬ್ಬ ಅಜ್ಜಿಗೆ ಸಕ್ಕರೆ ಕಾಯಿಲೆ, ಕಾಲಿನ ಹುಣ್ಣು ತೊಳೆಯಲು ಜನ ಇಲ್ಲ" ಎಂದರು.

ಹೋದೆ. ಆ ಬೇಸಿಗೆ ರಜೆಯೆಲ್ಲ ಹೋದೆ. ವಾಸನೆಗೆ ಮೊದಮೊದಲು ಹೊಟ್ಟೆ ತೊಳಸುತ್ತಿತ್ತು, ಬರಬರುತ್ತಾ ಕೈ ಪಳಗಿತು. ಸಿಸ್ಟರ್ ಕತ್ತರಿಯನ್ನು ನನ್ನ ಕೈಗೇ ಕೊಟ್ಟರು. ಸರ್ಕಾರಿ ಕಾಲೇಜಿನಲ್ಲಿ ಆರ್ಟ್ಸ್ ತೆಗೆದುಕೊಂಡು ಪಿಯುಸಿ ಮುಗಿಸಿದ ಮೇಲೆ ಜನರಲ್ ನರ್ಸಿಂಗ್‌ಗೆ ಅರ್ಜಿ ಹಾಕು ಎಂದವರೂ ಆ ಸಿಸ್ಟರ್. ಗಂಡು ಹುಡುಗ ನರ್ಸಾ ಎಂದು ನೆಂಟರು ಆಡಿಕೊಂಡರು. ಇಂದು ಮೈಸೂರಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ನರ್ಸಿಂಗ್ ವಿಭಾಗದ ಮುಖ್ಯಸ್ಥನಾಗಿದ್ದೇನೆ. ನನ್ನ ಕೈಕೆಳಗೆ ಕಲಿತವರು ನಾಲ್ಕಾರು ದೇಶಗಳಲ್ಲಿದ್ದಾರೆ. ಇದನ್ನು ಹೆಮ್ಮೆಯಿಂದಲೇ ಬರೆಯುತ್ತಿದ್ದೇನೆ. ಆ ಅಜ್ಜಿಯ ಗುಡಿಸಲಿಗೆ ಹೋಗುವಾಗ ಇದೊಂದೂ ನನಗೆ ಕಂಡಿರಲಿಲ್ಲ. ಕಳಿಸಿದ ಮಾಸ್ಟ್ರಿಗೂ ಕಂಡಿರಲಿಲ್ಲ ಎಂದು ಅವರೇ ಮುಂದೆ ಹೇಳಿದರು.

ಹಾಗೆಂದು ಅವರದು ಸುಲಭದ ವಿಶ್ವಾಸವಾಗಿರಲಿಲ್ಲ. ನಮ್ಮ ಮನೆಗಳ ಕ್ಯಾಲೆಂಡರುಗಳ ಮೇಲೆ ಯೆರೆಮೀಯನ 29ನೇ ಅಧ್ಯಾಯದ 11ನೇ ವಚನ ಇರುತ್ತದೆ: ನಿಮ್ಮ ವಿಷಯದಲ್ಲಿ ನನ್ನ ಯೋಜನೆಗಳು ನನಗೆ ಗೊತ್ತು, ಕೇಡಿಗಲ್ಲ, ಒಳಿತಿಗೆ ಎನ್ನುವ ಮಾತು. ಅದನ್ನು ಬರೀ ಅಷ್ಟಕ್ಕೇ ಓದಲು ಅವರು ಬಿಡುತ್ತಿರಲಿಲ್ಲ. ಹಿಂದಿನ ವಚನದಲ್ಲೇ ಎಪ್ಪತ್ತು ವರ್ಷ ಬಾಬಿಲೋನಿನಲ್ಲಿ ಇರಬೇಕು ಎಂದಿದೆ. ಆ ಪತ್ರ ಕೇಳಿಸಿಕೊಂಡ ದೊಡ್ಡವರಲ್ಲಿ ಊರಿಗೆ ಮರಳುವವರು ಎಷ್ಟು ಮಂದಿ ಎಂದು ಕೇಳುತ್ತಿದ್ದರು. ಅವರಿಗೆ ದೇವರು ಹೇಳಿದ್ದು 5ನೇ ವಚನದಲ್ಲಿದೆ: ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಅದರ ಫಲ ತಿನ್ನಿ. ಕೊಡಗಿನ ಮಕ್ಕಳಿಗೆ ತೋಟ ಮಾಡುವುದೆಂದರೆ ಏನೆಂದು ಯಾರೂ ವಿವರಿಸಬೇಕಾಗಿರಲಿಲ್ಲ. ಇವತ್ತು ನೆಟ್ಟ ಗಿಡ ಮೂರು ನಾಲ್ಕು ವರ್ಷ ಕಾಯಿಸುತ್ತದೆ.

2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡಗಳು ಜಾರಿದಾಗ ಮೈಸೂರಿನಿಂದ ನರ್ಸುಗಳ ತಂಡ ಕಟ್ಟಿಕೊಂಡು ಬಂದಿದ್ದೆ. ಪರಿಹಾರ ಶಿಬಿರದಲ್ಲಿ ನೋಡಿದರೆ ನಮ್ಮ ಮಾಸ್ಟ್ರು, ನಿವೃತ್ತರಾಗಿ ಎಷ್ಟೋ ಕಾಲವಾಗಿತ್ತು, ನೋಟ್‌ಬುಕ್ ಹಿಡಿದು ಚಾಪೆಯಿಂದ ಚಾಪೆಗೆ ಹೋಗುತ್ತಿದ್ದರು. ಯಾವ ಮಗುವಿನ ಪುಸ್ತಕ ಹೋಗಿದೆ, ಯಾರ ಮಾತ್ರೆ ಮನೆಯ ಜೊತೆ ಮಣ್ಣಾಗಿದೆ ಎಂದು ಬರೆದುಕೊಳ್ಳುತ್ತಿದ್ದರು. ಎಲ್ಲ ದೇವರ ಯೋಜನೆ ಎಂದು ಒಬ್ಬರು ಮನೆ ಕಳೆದುಕೊಂಡ ಹೆಂಗಸಿಗೆ ಸಮಾಧಾನ ಹೇಳಲು ಹೋದಾಗ ಅವರ ತೋಳು ಹಿಡಿದು ಹೊರಗೆ ಕರೆದುಕೊಂಡು ಬಂದರು. "ಆ ಮಾತು ನಮ್ಮ ಬಗ್ಗೆ ನಾವು ಹೇಳಿಕೊಳ್ಳಬಹುದು, ಇವರಿಗೆ ಹೇಳಬೇಡಿ, ಇವರಿಗೆ ಕಂಬಳಿ ತನ್ನಿ" ಎಂದರು. ಅಲ್ಲಿಗೆ ಲೈನ್ ಎಳೆದು ಕರೆಂಟು ಕೊಟ್ಟ ತಂಡದಲ್ಲಿ ನಮ್ಮ ಸಮುವೇಲನೂ ಇದ್ದ. ಅವನೀಗ ಲೈನ್‌ಮ್ಯಾನ್. ಮಧ್ಯರಾತ್ರಿ ಯಾರು ಫೋನು ಮಾಡಿದರೂ ಈಗಲೂ ಎದ್ದು ಹೋಗುತ್ತಾನೆ.

ಈಗಿನ ಶಾಲೆಗಳ ಮೇಲೆ ನನಗೊಂದು ದೂರಿದೆ, ಹೇಳಿಬಿಡುತ್ತೇನೆ. ಒಂಬತ್ತನೆಯ ತರಗತಿಯಲ್ಲಿರುವ ನನ್ನ ಮಗಳಿಗೆ ಆರನೆಯ ತರಗತಿಯಿಂದಲೇ ನೀಟ್ ಫೌಂಡೇಶನ್ ಶುರುವಾಯಿತು. ಮುಂದೆ ಏನಾಗುತ್ತೀ ಎಂದು ವರ್ಷಕ್ಕೊಂದು ಫಾರಂ ತುಂಬಿಸುತ್ತಾರೆ. ಖಾಲಿ ಬಿಟ್ಟರೆ ತಂದೆತಾಯಿಯನ್ನು ಕರೆಸುತ್ತಾರೆ. ಹನ್ನೊಂದು ವರ್ಷದ ಮಗುವಿಗೆ ಗೊತ್ತಿಲ್ಲ ಎನ್ನುವ ಹಕ್ಕೂ ಇಲ್ಲವೇ? ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ಬರೆದುಕೊಡುವ ಮಕ್ಕಳು ಮೊದಲ ಸಲ ಅಂಕ ಕಡಿಮೆಯಾದಾಗ ಕುಸಿದುಹೋಗುವುದನ್ನು ಆಸ್ಪತ್ರೆಯಲ್ಲಿ ಕಾಣುತ್ತೇನೆ. ಧರ್ಮೋಪದೇಶ, ನೀತಿಪಾಠದ ಪೀರಿಯಡ್ಡುಗಳು ಎಷ್ಟೋ ಕಡೆ ಗಣಿತಕ್ಕೆ ಹೋಗಿವೆ. ಗಣಿತ ಬೇಡ ಎನ್ನುತ್ತಿಲ್ಲ. ಆದರೆ ವಾರಕ್ಕೆ ಒಂದು ಗಂಟೆ, ಪರೀಕ್ಷೆಯಿಲ್ಲದ ಒಂದು ಗಂಟೆ, ದೊಡ್ಡವರೊಬ್ಬರು ಮಕ್ಕಳ ಜೊತೆ ಕೂತು ಮಾತಾಡಲಿ.

ಇದನ್ನು ಬರೀ ದೂರಾಗಿ ಬಿಡಲು ಮನಸ್ಸಿಲ್ಲ. ಮಾಸ್ಟ್ರ ತಿಂಗಳ ಪೂಜೆಗೆ ಸೇರಿದ್ದ ನಾವು ಕೆಲವರು ಮಾತಾಡಿಕೊಂಡೆವು, ಮುಖ್ಯೋಪಾಧ್ಯಾಯಿನಿಯವರೂ ಒಪ್ಪಿದ್ದಾರೆ. ಬರುವ ಜೂನ್‌ನಿಂದ ತಿಂಗಳಿಗೊಂದು ಶುಕ್ರವಾರದ ಕೊನೆಯ ಪೀರಿಯಡ್ ಹಳೆಯ ವಿದ್ಯಾರ್ಥಿಗಳಿಗೆ ಸಿಗುತ್ತದೆ. ಮೊದಲನೆಯದು ನನ್ನದು, ರಜೆ ಹಾಕಿ ಮೈಸೂರಿನಿಂದ ಬರುತ್ತೇನೆ. ಎರಡನೆಯದಕ್ಕೆ ನಮ್ಮ ಲೈನ್‌ಮ್ಯಾನ್ ಗೆಳೆಯ ಹೂಂ ಅಂದಿದ್ದಾನೆ. ಮೂರನೆಯದಕ್ಕೆ ಇನ್ನೂ ಯಾರೂ ಇಲ್ಲ. ಇದನ್ನು ಓದುತ್ತಿರುವ ನಮ್ಮ ಬ್ಯಾಚಿನವರೇ, ಶಾಲೆಯ ಆಫೀಸಿಗೆ ಫೋನು ಮಾಡಿ ಹೆಸರು ಕೊಡಿ.